ಬಿಸಿ ಹತ್ತಿ ಎಲ್ಲಿ ಸಿಗುತ್ತದೆ?

ಮಂಡ್ಯದಲ್ಲಿ ನನ್ನದೊಂದು ಔಷಧದ ಅಂಗಡಿ ಇದೆ. ಮನೆ ಇರುವುದು ಮೈಸೂರಿನಲ್ಲಿ. ಬೆಳಿಗ್ಗೆ ಒಂದು ರೈಲು, ಸಂಜೆ ಒಂದು ರೈಲು. ಅಂಗಡಿಯ ಬಾಗಿಲ ಪಕ್ಕದಲ್ಲಿ ಎರಡಡಿ ಅಗಲದ ಕಪ್ಪು ಹಲಗೆಯೊಂದನ್ನು ತೂಗುಹಾಕಿದ್ದೇನೆ. ಮೊದಲು ಅದರ ಮೇಲೆ ‘ಇಲ್ಲಿ ಸಕ್ಕರೆ ಪರೀಕ್ಷೆ ಮಾಡಲಾಗುತ್ತದೆ’ ಎಂದು ಬರೆದಿತ್ತು. ಸಕ್ಕರೆ ನಾಡಿನಲ್ಲಿ ಇದಕ್ಕಿಂತ ಒಳ್ಳೆಯ ಶ್ಲೇಷೆ ಇರಲಾರದು. ಆದರೂ ಅದನ್ನು ಓದಿ ಯಾರೂ ನಕ್ಕದ್ದನ್ನು ನಾನು ಕಾಣೆ. ಈಗ ಏಳು ವರ್ಷಗಳಿಂದ ಅದೇ ಹಲಗೆಯ ಮೇಲೆ ದಿನಕ್ಕೊಂದು ಪದಬಂಧದ ಸುಳಿವನ್ನು ಬರೆಯುತ್ತೇನೆ. ಚೌಕಗಳಿಲ್ಲ. ‘ಎಡದಿಂದ ಬಲಕ್ಕೆ’, ‘ಮೇಲಿನಿಂದ ಕೆಳಕ್ಕೆ’ ಯಾವುದೂ ಇಲ್ಲ. ಒಂದು ಸುಳಿವು, ಕೊನೆಯಲ್ಲಿ ಉತ್ತರಕ್ಕೆ ಎಷ್ಟು ಮನೆ, ಅಂದರೆ ಎಷ್ಟು ಅಕ್ಷರ, ಎಂಬ ಅಂಕಿ. ಉತ್ತರ ಮರುದಿನ ಬೆಳಿಗ್ಗೆ, ಹಲಗೆ ಒರೆಸುವ ಮುನ್ನ.

ಅದಕ್ಕೂ ಮುಂಚೆ ಪೂರ್ತಿ ಪದಬಂಧಗಳನ್ನೇ ಕಟ್ಟಿ ಒಂದು ನಿಯತಕಾಲಿಕಕ್ಕೆ ಕಳಿಸುತ್ತಿದ್ದೆ. ಕನ್ನಡದಲ್ಲಿ ಚೌಕ ತುಂಬುವ ಕಷ್ಟ ತುಂಬಿದವರಿಗೇ ಗೊತ್ತು. ಇಂಗ್ಲಿಷಿನಲ್ಲಿ ಇರುವುದೇ 26 ಅಕ್ಷರ. ಯಾವುದು ಎಲ್ಲಿ ಬಿದ್ದರೂ ಅದನ್ನು ಹಾದುಹೋಗುವ ಇನ್ನೊಂದು ಪದ ಸಿಕ್ಕೇ ಸಿಗುತ್ತದೆ. ನಮ್ಮಲ್ಲಿ ಕಾಗುಣಿತ, ಒತ್ತು, ಸೊನ್ನೆ ಎಲ್ಲವೂ ಸೇರಿ ಒಂದು ಮನೆ. ಮಂಡ್ಯ ಎಂದರೆ ಎರಡೇ ಮನೆ: ಮಂ, ಡ್ಯ. ಈ ‘ಡ್ಯ’ದ ಮೇಲಿಂದ ಇನ್ನೊಂದು ಪದವನ್ನು ಇಳಿಸಿ ನೋಡಿ. ನನಗೆ ಮೊದಲು ಹೊಳೆಯುವುದು ‘ಜಾಡ್ಯ’. ಅದು ವೃತ್ತಿದೋಷ. ಆಮೇಲೆ ‘ಪಾಂಡ್ಯ’. ಅಲ್ಲಿಗೆ ನನ್ನ ಬುಟ್ಟಿ ಖಾಲಿ. ಇಂಥ ಭಾಷೆಯಲ್ಲಿ ಅ.ನಾ. ಪ್ರಹ್ಲಾದರಾವ್ ಅವರು ಸಾವಿರಗಟ್ಟಲೆ ಪದಬಂಧಗಳನ್ನು ರಚಿಸಿದ್ದಾರೆ ಎಂದರೆ, ಆ ತಾಳ್ಮೆಗೆ ದೂರದಿಂದಲೇ ಕೈಮುಗಿಯುತ್ತೇನೆ.

ನಾನು ಚೌಕ ಬಿಟ್ಟದ್ದು ಒಂದು ಅಂಕಿಯ ಕಾರಣಕ್ಕೆ. ‘ಮದ್ದೂರು’ ಉತ್ತರವಾಗುವ ಸುಳಿವಿನ ಪಕ್ಕದಲ್ಲಿ 3 ಎಂದು ಬರೆದು ಕಳಿಸಿದ್ದೆ. ಅಚ್ಚಾಗಿ ಬಂದದ್ದು 7. ಎಣಿಸುವ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದ್ದರಂತೆ. ಅದರ ಲೆಕ್ಕದಲ್ಲಿ ಮ ಒಂದು, ದ ಒಂದು, ಒತ್ತು ಕೊಡುವ ಗುರುತು ಒಂದು, ಮತ್ತೆ ದ, ಕೊಂಬಿನಿಳಿ, ರ, ಕೊಂಬು. ಎಣಿಸಿ ನೋಡಿ, ಸರಿಯಾಗಿ ಏಳು. ಯಂತ್ರ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಅಕ್ಷರ ಎಂದರೆ ಏನೆಂದು ಗೊತ್ತಿರಲಿಲ್ಲ, ಅಷ್ಟೆ. ನಾನು ಮಾತ್ರ ಆ ವಾರ ಅಂಗಡಿಗೆ ಬಂದವರಿಗೆಲ್ಲ ಸಮಜಾಯಿಷಿ ಕೊಡಬೇಕಾಯಿತು.

ಅದೇ ಮದ್ದೂರನ್ನು ಹಲಗೆಯ ಮೇಲೆ ಮೊದಲ ದಿನ ಬರೆದೆ: ‘ವೈದ್ಯರು ಬರೆದುಕೊಡುವುದೂ ಇದೇ, ಪಟಾಕಿಗೆ ತುಂಬುವುದೂ ಇದೇ, ಇದರ ಹೆಸರಿನ ಊರಿಗೆ ಹೋದವರೆಲ್ಲ ವಡೆ ಕೇಳುತ್ತಾರೆ (3).’ ಅಜ್ಜಿಯ ಮಾತ್ರೆಗೆಂದು ಬಂದ ಹೈಸ್ಕೂಲಿನ ಹುಡುಗಿ ಚೀಟಿಯನ್ನು ನನ್ನ ಕೈಗಿಟ್ಟು ಹಲಗೆಯನ್ನೇ ನೋಡುತ್ತ ನಿಂತಳು. “ಆಂಟಿ, ಉತ್ತರದ ಅರ್ಧವನ್ನು ನೀವೇ ಬರೆದುಬಿಟ್ಟಿದ್ದೀರಿ” ಎಂದಳು. ಮದ್ದು ಮತ್ತು ಊರು ಸೇರಿ ಮದ್ದೂರು. ‘ಊರಿಗೆ’ ಎಂದು ನಾನೇ ಕೈಯೆತ್ತಿ ಕೊಟ್ಟಿದ್ದೆ. ಅವಳ ಎದುರಿಗೇ ಒರೆಸಿ ‘ಇದಕ್ಕೊಂದು ಗ್ರಾಮ ಕಟ್ಟಿದರೆ ಬಂದವರೆಲ್ಲ ವಡೆ ಕೇಳುತ್ತಾರೆ’ ಎಂದು ತಿದ್ದಿದೆ. ಈಗಲೂ ಹೊಸ ಸುಳಿವು ಬರೆದಾಗ ಮೊದಲು ನೋಡುವುದು ಅದನ್ನೇ: ಉತ್ತರದ ಯಾವ ತುಂಡಾದರೂ ಬಟ್ಟೆ ಹಾಕಿಕೊಳ್ಳದೆ ಹೊರಗೆ ಬಂದಿದೆಯೇ?

ಉದ್ದನೆಯ ಸುಳಿವು ಎಂದರೆ ಹೆಚ್ಚು ವಿವರ ಎಂದು ನಾನೂ ಬಹಳ ದಿನ ತಿಳಿದಿದ್ದೆ. ‘ಮೈಸೂರು’ ಪದಕ್ಕೆ ನಾನು ಬರೆದ ಮೊದಲ ಸುಳಿವಿನಲ್ಲಿ ಚಾಮುಂಡಿ ಬೆಟ್ಟ, ಮಲ್ಲಿಗೆ, ವೀಳ್ಯದೆಲೆ, ರೇಷ್ಮೆ ಎಲ್ಲವೂ ಇದ್ದವು. ಹಲಗೆ ತುಂಬಿತ್ತು. ಅದು ಸುಳಿವಲ್ಲ, ಪ್ರವಾಸೋದ್ಯಮದ ಕರಪತ್ರ. ಓದುವವನು ಎರಡನೆಯ ಪದಕ್ಕೇ ಉತ್ತರ ಹೇಳಿ ಮುಂದೆ ಹೋದ. ಆಮೇಲೆ ಒಂದು ರಾತ್ರಿ ರೈಲಿನ ಕಿಟಕಿಯ ಪಕ್ಕ ಕುಳಿತಿದ್ದಾಗ ನಿಲ್ದಾಣದ ಫಲಕ ಎರಡು ತುಂಡಾಗಿ ಕಂಡಿತು: ಮೈ, ಸೂರು. ದೇಹ ಮತ್ತು ಅದರ ಮೇಲೊಂದು ಮಾಡು. ಹುಟ್ಟಿದಾಗಿನಿಂದ ಓದುತ್ತಿದ್ದ ಫಲಕ! ಮಹಿಷನಿಂದ ಊರಿಗೆ ಹೆಸರು ಬಂದದ್ದು ನನಗೂ ಗೊತ್ತು. ಪದಬಂಧಕ್ಕೆ ವ್ಯುತ್ಪತ್ತಿಯ ಹಂಗಿಲ್ಲ. ಮರುದಿನದ ಸುಳಿವು: ‘ನಿವೃತ್ತಿಯ ನಂತರ ದೇಹಕ್ಕೊಂದು ಮಾಡು ಬೇಕೆಂದವರು ಹುಡುಕಿಕೊಂಡು ಬರುವುದು ಇಲ್ಲಿಗೇ (3).’ ಮೊದಲಿನದಕ್ಕಿಂತ ಚಿಕ್ಕದು, ಆದರೆ ಬಿಡಿಸಲು ಮಧ್ಯಾಹ್ನವಾಯಿತು.

ಈ ಒಡೆಯುವ ಹುಚ್ಚು ನನಗೆ ಹತ್ತಿದ್ದು ಅಪ್ಪನಿಂದ. ಅವರು ಇಂಗ್ಲಿಷ್ ಪತ್ರಿಕೆಯ ಗೂಢ ಪದಬಂಧವನ್ನು, ಅಂದರೆ ಸುಳಿವಿನೊಳಗೇ ಉತ್ತರ ಕಟ್ಟುವ ದಾರಿಯನ್ನು ಅಡಗಿಸಿಟ್ಟ ಪದಬಂಧವನ್ನು, ಕಾಫಿ ಆರುವ ಮುನ್ನ ಬಿಡಿಸಲು ಕೂರುತ್ತಿದ್ದರು. ಸಾಮಾನ್ಯವಾಗಿ ಕಾಫಿಯೇ ಮೊದಲು ಆರುತ್ತಿತ್ತು. ಪದಬಂಧ ಹುಟ್ಟಿದ್ದು 1913ರ ಡಿಸೆಂಬರ್ 21ರಂದು, ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಆರ್ಥರ್ ವಿನ್ ಎಂಬಾತನ ಕೈಯಿಂದ. ಅದನ್ನು ಗೂಢ ಮಾಡಿದವರು ಇಂಗ್ಲೆಂಡಿನವರು. 1926ರಿಂದ ‘ಅಬ್ಸರ್ವರ್’ ಪತ್ರಿಕೆಗೆ ಬರೆದವನು ತನ್ನನ್ನು ಟಾರ್ಕ್ವೆಮಾಡಾ ಎಂದು ಕರೆದುಕೊಂಡ, ಅವನ ನಂತರ ಬಂದವನು ಜಿಮೆನೀಸ್ ಎಂದು. ಇಬ್ಬರೂ ಸ್ಪೇನಿನ ಮತವಿಚಾರಣೆಯ ಅಧಿಕಾರಿಗಳ ಹೆಸರುಗಳನ್ನು ಇಟ್ಟುಕೊಂಡಿದ್ದರು. ಓದುಗರಿಗೆ ಚಿತ್ರಹಿಂಸೆ ಕೊಡುವುದೇ ತಮ್ಮ ಕಸುಬು ಎಂದು ಹೆಸರಿನಲ್ಲೇ ಒಪ್ಪಿಕೊಂಡ ಪ್ರಾಮಾಣಿಕರು! ಆದರೂ ಜಿಮೆನೀಸನ ಹಾದಿಯವರು ಪಾಲಿಸುವ ಕಟ್ಟು ಬಹಳ ನ್ಯಾಯವಾದದ್ದು. ಸುಳಿವಿನಲ್ಲಿ ಉತ್ತರದ ಅರ್ಥ ಇರಬೇಕು, ಉತ್ತರವನ್ನು ಕಟ್ಟುವ ದಾರಿ ಇರಬೇಕು, ಮೂರನೆಯದು ಏನೂ ಇರಬಾರದು. ಆ ಮೂರನೆಯ ಮಾತು ನನ್ನ ಕರಪತ್ರದ ಚಟವನ್ನು ಬಿಡಿಸಿತು.

ಆದರೆ ಅವರ ಉಪಾಯಗಳನ್ನು ಹಾಗೆಯೇ ತಂದರೆ ಕನ್ನಡದಲ್ಲಿ ನಡೆಯುವುದಿಲ್ಲ. ಅಕ್ಷರಗಳನ್ನು ಕಲಸಿ ಹೊಸ ಪದ ಮಾಡುವುದು ಅವರಿಗೆ ನೀರು ಕುಡಿದಷ್ಟು ಸುಲಭ. ನಾವು ಒತ್ತಕ್ಷರವನ್ನು ಕಲಸಲು ಹೋದರೆ ಗಂಟು ಗಂಟಾದ ಮುದ್ದೆಯಾಗುತ್ತದೆ. ನಮ್ಮ ಪದ ಬಾಯಿ ಬಿಡುವುದು ಸಂಧಿಯಲ್ಲಿ. ಅದರಲ್ಲೂ ಲೋಪಸಂಧಿ ಆಗಿದ್ದರೆ ಹಬ್ಬ. ಒಂದು ಸ್ವರ ಬಿದ್ದುಹೋಗಿರುವುದರಿಂದ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಹಳೆಯ ಲೆಕ್ಕದ ಪುಸ್ತಕವೊಂದರಲ್ಲಿ ಹೀಗೆ ಒಡೆದ ಪದಗಳನ್ನು ಬರೆದಿಡುತ್ತೇನೆ. ಎಡಕ್ಕೆ ಪದ, ಬಲಕ್ಕೆ ತುಂಡುಗಳು. ಬಹುಪಾಲು ಅಲ್ಲೇ ಕೊಳೆಯುತ್ತವೆ.

ಅದರಲ್ಲಿ ‘ಕಾವೇರಿ’ ಎರಡು ವರ್ಷ ಕೊಳೆತಿತ್ತು. ಕಾವು, ಏರಿ. ತುಂಡುಗಳು ಚಿನ್ನದಂಥವು, ಆದರೆ ಅವುಗಳನ್ನು ಕೂಡಿಸಿದರೆ ಯಾವ ಚಿತ್ರವೂ ಮೂಡುತ್ತಿರಲಿಲ್ಲ. ‘ಉಷ್ಣತೆ ಹೆಚ್ಚಿ ಹರಿಯುವ ನದಿ’ ಎಂದು ಒಮ್ಮೆ ಬರೆದೆ. ನದಿಗೇಕೆ ಜ್ವರ? ದಾರಿ ಸರಿಯಿತ್ತು, ಮಾತು ಸತ್ತಿತ್ತು. ಆಮೇಲೆ ಮಳೆ ಬಾರದ 2023 ಬಂತು. ಸೆಪ್ಟೆಂಬರಿನಲ್ಲಿ ಮಂಡ್ಯದ ರಸ್ತೆಗಳಲ್ಲಿ ಜನ ಧರಣಿ ಕುಳಿತರು, ಬಂದ್ ಆಯಿತು, ನಾನೂ ಬಾಗಿಲು ಅರ್ಧ ಎಳೆದು ಒಳಗೆ ಕುಳಿತಿದ್ದೆ. ಹೊರಗಿನ ಘೋಷಣೆ ಕೇಳುತ್ತಿದ್ದಾಗ ಪುಸ್ತಕದ ಆ ಸಾಲು ನೆನಪಾಯಿತು. ಕಾವು ಏರಿದ್ದು ನದಿಗಲ್ಲ, ಜನಕ್ಕೆ. ಬರೆದೆ: ‘ಮಳೆ ಕೈಕೊಟ್ಟ ವರ್ಷ ಬಿಸಿ ಹತ್ತಿ ಮಂಡ್ಯದವರನ್ನು ಹೆದ್ದಾರಿಯಲ್ಲಿ ಕೂರಿಸುವವಳು (3).’ ಬಿಸಿ ಎಂದರೆ ಕಾವು, ಹತ್ತಿ ಎಂದರೆ ಏರಿ. ಔಷಧದ ಅಂಗಡಿಯ ಮುಂದೆ ‘ಹತ್ತಿ’ ಎಂದು ಬರೆದರೆ ಯಾರಿಗಾದರೂ ಏರುವುದು ನೆನಪಾಗುತ್ತದೆಯೇ? ಈ ಮೋಸ ನನಗೆ ಪುಕ್ಕಟೆಯಾಗಿ ಸಿಕ್ಕಿತ್ತು.

ಪಕ್ಕದ ಹೋಟೆಲಿನಿಂದ ಚಹಾ ತರುವ ಹುಡುಗ ಮೂರು ಸಲ ಬಂದು ನೋಡಿ ಹೋದ. ನಾಲ್ಕನೆಯ ಸಲ “ಅಕ್ಕಾ, ಗಾಯ ಒರೆಸುವ ಹತ್ತಿಯೋ, ದೀಪದ ಬತ್ತಿಯ ಹತ್ತಿಯೋ?” ಎಂದು ಕೇಳಿದ. ನಾನು ಅತ್ತ ತಿರುಗಿ ನಕ್ಕೆ. ಮರುದಿನ ಉತ್ತರ ನೋಡಿದವನು ಲೋಟ ಇಡುತ್ತ, “ನೂರು ಗ್ರಾಂ ಹತ್ತಿ ಕೊಡಿ ಅಕ್ಕಾ, ಬಿಸಿಯಾಗಿರಲಿ” ಎಂದ. ಇನ್ನೊಬ್ಬರು ಕಟ್ಟೆಯ ಮಟ್ಟವನ್ನು ದಿನಾ ಪತ್ರಿಕೆಯಲ್ಲಿ ನೋಡುವವರು: “ಕನ್ನಂಬಾಡಿ 124.80 ಅಡಿ ತುಂಬಿದ ದಿನ ನಿಮ್ಮ ಸುಳಿವು ಸುಳ್ಳಾಗುತ್ತದಲ್ಲ ಮೇಡಂ?” ಅದಕ್ಕೇ ‘ಮಳೆ ಕೈಕೊಟ್ಟ ವರ್ಷ’ ಎಂದು ಹಾಕಿರುವುದು ಎಂದೆ. ಒಪ್ಪಿದರು. ಉದ್ದದ ಸುಳಿವಿನಲ್ಲಿ ಪ್ರತಿಯೊಂದು ಪದವೂ ಹೀಗೆ ಕಟಕಟೆಗೆ ಹತ್ತಿ ಸಾಕ್ಷಿ ಹೇಳಬೇಕಾಗುತ್ತದೆ. ಹೇಳಲಾರದ ಪದವನ್ನು ಅಲ್ಲೇ ಒರೆಸುತ್ತೇನೆ.

ನಾನು ಸೋತದ್ದು ರಕ್ತದೊತ್ತಡದ ಮಾತ್ರೆಗೆ ಬರುವ ರೈತರೊಬ್ಬರ ಮುಂದೆ. ಎಪ್ಪತ್ತು ದಾಟಿದವರು. ಸುಳಿವನ್ನು ಗಟ್ಟಿಯಾಗಿ ಓದಿ, ಉತ್ತರವನ್ನೂ ಹೇಳಿ, ಕನ್ನಡಕ ತೆಗೆದು, “ಅವ್ವಾ, ಅವಳು ನಮ್ಮನ್ನು ಕೂರಿಸುತ್ತಾಳೆಯೇ? ನಾವು ಅವಳಿಗಾಗಿ ಕೂರುವುದು” ಎಂದರು. ಪದಬಂಧದ ಯಾವ ನಿಯಮವನ್ನೂ ನಾನು ಮುರಿದಿರಲಿಲ್ಲ. ಆದರೂ ಅವರ ಮಾತು ಸರಿಯಾಗಿತ್ತು. ಸೀಮೆಸುಣ್ಣ ತೆಗೆದುಕೊಂಡೆ: ‘ಮಳೆ ಕೈಕೊಟ್ಟ ವರ್ಷ ಬಿಸಿ ಹತ್ತಿ ಮಂಡ್ಯದವರು ಹೆದ್ದಾರಿಯಲ್ಲಿ ಕೂರುವುದು ಇವಳಿಗಾಗಿ (3).’ ಈಗ ಬಿಸಿ ಹತ್ತಿದ್ದು ಯಾರಿಗೆ ಎಂಬುದೂ ಸ್ಪಷ್ಟವಾಯಿತು, ತುಂಡುಗಳು ಇನ್ನೂ ಚೆನ್ನಾಗಿ ಅಡಗಿದವು. ನಾನು ಬರೆದದ್ದರಲ್ಲಿ ನನಗೆ ಇಂದಿಗೂ ಇಷ್ಟವಾದ ಸುಳಿವು ಇದು. ಅದರ ಅರ್ಧ ಅವರದು.

ಕಲಸುವ ಆಟ ಕನ್ನಡಕ್ಕೆ ಒಗ್ಗುವುದಿಲ್ಲ ಎಂದೆನಲ್ಲ, ಒಮ್ಮೆ ಮಾತ್ರ ಒಗ್ಗಿತು. ‘ಅರಮನೆ’ಯ ನಡುವಿನ ಎರಡು ಅಕ್ಷರಗಳನ್ನು ಅದಲುಬದಲು ಮಾಡಿ: ಅಮರನೆ. ‘ಸಿಂಹಾಸನವೇರಿದವನು ಅಮರನೆ? ನಡುವಿನ ಇಬ್ಬರು ಜಾಗ ಬದಲಿಸಿದರೆ ಉಳಿಯುವುದು ಕಟ್ಟಡ, ಭಾನುವಾರದ ದೀಪ (4).’ ಬರೆದು ಮುಗಿಸಿ ಬೀಗುತ್ತಿದ್ದೆ. ರೈಲಿನ ಗೆಳತಿಯೊಬ್ಬರು ಎರಡು ತಕರಾರು ತೆಗೆದರು. ಒಂದು, ‘ಅಮರನೇ’ ಎಂದು ದೀರ್ಘ ಬರೆಯುವುದು ಈಗಿನ ರೂಢಿ, ಹ್ರಸ್ವ ಹಳೆಯದು. ಎರಡು, ಕಟ್ಟಡವೂ ಉಳಿಯಲಿಲ್ಲ: ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು, ಈಗ ದೀಪ ಹಾಕುವುದು 1912ರಲ್ಲಿ ಮುಗಿದದ್ದಕ್ಕೆ. ಎರಡನೆಯದಕ್ಕೆ ಏನೋ ಹೇಳಿ ಜಾರಿಕೊಂಡೆ. ಮೊದಲನೆಯದು ಈಗಲೂ ಮುಳ್ಳಿನಂತೆ ಚುಚ್ಚುತ್ತದೆ.

ಹಿಂದುಮುಂದಾಗಿ ಓದಿದರೂ ಒಂದೇ ಆಗಿರುವ ಪದಗಳು ನಮ್ಮಲ್ಲಿ ಧಾರಾಳ. ಗದಗ, ಕಿಟಕಿ, ಜಲಜ. ‘ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಒಂದೇ’ ಎಂದು ಸೇರಿಸಿದರೆ ಸುಳಿವಾಯಿತು ಎಂದುಕೊಳ್ಳುವವರಿದ್ದಾರೆ. ಅದು ಸೋಮಾರಿತನ. ಆ ತಿರುವಿಗೂ ಪದದ ಅರ್ಥಕ್ಕೂ ನಂಟಿರಬೇಕು. ಗದಗಕ್ಕಾದರೆ ‘ಹುಬ್ಬಳ್ಳಿ ಕಡೆಯಿಂದ ಬಂದರೂ ಹೊಸಪೇಟೆ ಕಡೆಯಿಂದ ಬಂದರೂ ವ್ಯತ್ಯಾಸವಿಲ್ಲದ ನಿಲ್ದಾಣ’ ಎನ್ನಬಹುದು. ರೈಲು ದಾರಿಯ ನಡುವೆ ಅದು ಹಾಗೆಯೇ ಕುಳಿತಿದೆ. ಕನಕ ಜಯಂತಿಯ ದಿನ ಬರೆದದ್ದು ಇದು: ‘ಉಡುಪಿಯಲ್ಲಿ ದೇವರೇ ಈ ಭಕ್ತನಿಗಾಗಿ ತಿರುಗಿ ನಿಂತನಂತೆ, ಭಕ್ತನನ್ನು ತಿರುಗಿಸಿ ನಿಲ್ಲಿಸಿದರೆ ಮಾತ್ರ ಏನೂ ಬದಲಾಗುವುದಿಲ್ಲ (3).’ ಬೆಡಗಿನ ಮುಂಡಿಗೆಗಳನ್ನು ಕಟ್ಟಿ ಪಂಡಿತರನ್ನೇ ಕಾಡಿದ ಕನಕದಾಸರಿಗೆ ಮೂರು ಮನೆಯ ಕಾಣಿಕೆ. ಬಿಡಿಸಿದವರು ಉತ್ತರ ಹೇಳುವ ಮೊದಲೇ ನಗುತ್ತಿದ್ದರು. ಉತ್ತರಕ್ಕಿಂತ ಮೊದಲು ನಗು ಬಂದರೆ ಆ ದಿನದ ವ್ಯಾಪಾರ ಹೇಗೇ ಇರಲಿ, ನನಗೆ ಲಾಭ.

ಸದ್ಯ ನನ್ನನ್ನು ಕಾಡುತ್ತಿರುವುದು ದಿನಾ ಎರಡು ಸಲ ದಾಟುವ ಶ್ರೀರಂಗಪಟ್ಟಣ. ಆರು ಮನೆ. ಶ್ರೀರಂಗ, ಪಟ್ಟಣ ಎಂದು ಒಡೆದರೆ ಮಗುವಿಗೂ ಕಾಣುತ್ತದೆ. ‘ಪಟ್ಟ’ವನ್ನು ಬೇರೆ ಮಾಡಿದರೆ ಸೊಗಸು, ಆದರೆ ಕೊನೆಗೊಂದು ‘ಣ’ ಅನಾಥವಾಗಿ ಉಳಿಯುತ್ತದೆ. ತಿಂಗಳಾಯಿತು. ಅದೇ ರೈಲಿನ ಗೆಳತಿ ಮೊನ್ನೆ “ಅರ್ಧ ಹಣ” ಎಂದರು. ‘ಹ’ ಕೂಡ ಅರ್ಧವೇ ಅಲ್ಲವೇ, ಬಿಡಿಸುವವರು ಯಾವ ಅರ್ಧವನ್ನು ನಂಬಬೇಕು ಎಂದು ವಾದಿಸಿದೆ. ಮುನಿಸಿಕೊಂಡು ಮೊಬೈಲ್ ತೆಗೆದರು. ನಿನ್ನೆ ಸಂಜೆ ಪಾಂಡವಪುರ ದಾಟಿದ ಮೇಲೆ ಇದ್ದಕ್ಕಿದ್ದಂತೆ ನನ್ನ ಮೊಣಕೈ ಹಿಡಿದು, “ರಣದ ಕೊನೆ!” ಎಂದರು.

ಚೀಟಿಯ ಹಿಂದೆ ಬರೆದುಕೊಂಡೆ. ‘ಮಲಗಿದ ದೇವರು, ದೊರೆತನ, ರಣದ ಕೊನೆ: 1799ರ ಮೇ ತಿಂಗಳಲ್ಲಿ ಎಲ್ಲವೂ ಸೇರಿದ್ದು ಇಲ್ಲೇ (6).’ ಟಿಪ್ಪು ಬಿದ್ದ ಕೋಟೆಯ ಗೋಡೆ ಕಿಟಕಿಯಲ್ಲಿ ಹಾದುಹೋಗುತ್ತಿತ್ತು. ಗೆಳತಿ ಇನ್ನೊಮ್ಮೆ ಓದಿ, “ದೊರೆತನ ಎಂದರೆ ಪಟ್ಟವೇ, ಅಥವಾ ಪಟ್ಟ ಏರಿದ ಮೇಲೆ ಬರುವುದೇ?” ಎಂದರು. ನಾಗನಹಳ್ಳಿ ಬರುವವರೆಗೂ ಜಗಳವಾಡಿದೆವು.