ಬೆಂಚು ಖಾಲಿಯಾದರೆ ಸಭೆಯನ್ನು ಎಲ್ಲಿ ಹುಡುಕಬೇಕು?

ನಾನು ಬಳ್ಳಾರಿ ಕೌಲ್ ಬಜಾರಿನವಳು. ಜೀನ್ಸ್ ಯುನಿಟ್‌ಗಳಿಗೆ ಮನೆಯಲ್ಲೇ ಕೂತು ಹೊಲಿದು ಕೊಡುತ್ತೇನೆ. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ, ಅಂದರೆ ಚರ್ಚಿಗೆ ಸೇರಿದ ಜನರ ಬಳಗದಲ್ಲಿ, ಸ್ತ್ರೀಯರ ಕೂಟವನ್ನೂ ನೋಡಿಕೊಳ್ಳುತ್ತೇನೆ. ಸಿಂಧನೂರು, ಗಂಗಾವತಿ, ಹಟ್ಟಿ ಕಡೆಯ ಅಕ್ಕಂದಿರು ಸಿಕ್ಕಾಗೆಲ್ಲ ಒಂದೇ ಮಾತು: "ಭಾನುವಾರ ಜನಾನೇ ಇಲ್ಲ ಅಕ್ಕಾ, ಏನ್ ಮಾಡೋದು?" ನಾವು ಮಾಡುತ್ತಿರುವುದನ್ನು ಅವರಿಗಾಗಿ ಬರೆದಿದ್ದೇನೆ. ನಿಮ್ಮದು ಮೆಥೊಡಿಸ್ಟ್ ಸಭೆಯಾಗಲಿ, ಕಥೋಲಿಕ ಧರ್ಮಕೇಂದ್ರವಾಗಲಿ, ಹೆಚ್ಚು ಕಡಿಮೆ ಇದೇ ನಡೆಯುತ್ತದೆ.

ಬಾರದವರಲ್ಲಿ ಜಾಸ್ತಿ ಜನ ನಂಬಿಕೆ ಬಿಟ್ಟವರಲ್ಲ. ಭಾನುವಾರದ ಬೆಳಿಗ್ಗೆ ಅವರ ಕೈಗೆ ಸಿಗುತ್ತಿಲ್ಲ, ಅಷ್ಟೇ. ಯೇಸುವಿನ ಶಿಷ್ಯ ಪೇತ್ರ ಬೈಬಲಿನ ತನ್ನ ಪತ್ರದಲ್ಲಿ ವಿಶ್ವಾಸಿಗಳನ್ನೇ ಜೀವವುಳ್ಳ ಕಲ್ಲುಗಳು ಅಂದ. ಬಳ್ಳಾರಿಯವರಿಗೆ ಕಲ್ಲಿನ ಬಗ್ಗೆ ಯಾರೂ ಹೇಳಿಕೊಡಬೇಕಿಲ್ಲ, ಕಣ್ಣೆತ್ತಿದರೆ ಗುಡ್ಡ. ಆದರೆ ನಮ್ಮ ಈ ಕಲ್ಲುಗಳಲ್ಲಿ ಕೆಲವು ಭಾನುವಾರ 9 ಗಂಟೆಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿರುತ್ತವೆ. ಕೆಲವು ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲಿವೆ. ಅವರನ್ನು ಕಟ್ಟಡಕ್ಕೆ ಕರೆತರುವ ಮಾತು ಆಮೇಲೆ. ಮೊದಲು ಅವರಿರುವ ಕಡೆ ನಾವು ಹೋಗಬೇಕು.

ಬಾರದವರ ಪಟ್ಟಿ

ಎಲ್ಲ ಸಭೆಯಲ್ಲೂ ಬಂದವರ ಲೆಕ್ಕ ಇರುತ್ತದೆ, ಕಾಣಿಕೆಯ ಲೆಕ್ಕ ಇರುತ್ತದೆ. ಬಾರದವರ ಲೆಕ್ಕ ಯಾರೂ ಇಡುವುದಿಲ್ಲ. ಒಂದು 200 ಪುಟದ ನೋಟ್‌ಬುಕ್ ತನ್ನಿ. ಮೂವರು ಕೂತುಕೊಳ್ಳಿ: ಹಳೇ ಮನೆತನಗಳನ್ನು ಬಲ್ಲ ಒಬ್ಬ ಅಜ್ಜಿ, ಒಬ್ಬ ಸಂಡೇ ಸ್ಕೂಲ್ ಟೀಚರ್, ಊರೆಲ್ಲ ಸುತ್ತುವ ಒಬ್ಬ ಆಟೋ ಅಣ್ಣ. ದೀಕ್ಷಾಸ್ನಾನದ ರಿಜಿಸ್ಟರ್ ಎದುರಿಗಿರಲಿ. ಮನೆಗೊಂದು ಪುಟ. ಹೆಸರು, ಓಣಿ, ಕೆಲಸ, ಶಿಫ್ಟ್, ಮನೆಯಲ್ಲಿ ಯಾವಾಗ ಸಿಗುತ್ತಾರೆ, ಇಷ್ಟು ಸಾಕು. ಕಾರಣದ ಜಾಗ ಖಾಲಿ ಬಿಡಿ. ಅದನ್ನು ಅವರ ಬಾಯಿಂದ ಕೇಳಿದ ಮೇಲೆಯೇ ಬರೆಯಬೇಕು. "ಹಿಂಜಾರಿದವರು" ಅಂತ ಆ ನೋಟ್‌ಬುಕ್‌ನಲ್ಲಿ ಯಾರ ಹೆಸರಿನ ಮುಂದೆಯೂ ಬರೆಯಬೇಡಿ.

ಕೆಲಸ, ಮೊಣಕಾಲು ನೋವು, ಮೆಟ್ಟಿಲು, ಗುಳೆ, ಹಳೇ ಜಗಳ, ಪ್ರಸಂಗ (ಚರ್ಚಿನ ಉಪದೇಶ) ಉದ್ದ ಆಯಿತು ಅನ್ನೋ ಬೇಸರ, ಹೀಗೆ ಕಾರಣಗಳು ಬರುತ್ತವೆ. ಮನೆಯಲ್ಲಿ ಮೊಬೈಲ್‌ನಲ್ಲೇ ಆರಾಧನೆ ನೋಡುವವರಿದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ಅಂಟಿದ ರೂಢಿ ಅದು. ಬೇರೆ ಪ್ರಾರ್ಥನಾ ಮಂದಿರಕ್ಕೆ ಹೋಗುವವರೂ ಸಿಗುತ್ತಾರೆ. ಅವರು ಅಲ್ಲಿ ಚೆನ್ನಾಗಿದ್ದರೆ "ಒಳ್ಳೇದಾಯ್ತು" ಅಂದು ಪುಟ ತಿರುವಿ. ಜನರನ್ನು ಎಳೆದಾಡುವುದು ನಮ್ಮ ಕೆಲಸ ಅಲ್ಲ.

ಒಂದು ಕಾರಣವನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಸವಲತ್ತು ಇಲ್ಲ. ಮಗನಿಗೆ ಸೀಟು, ಮಗಳಿಗೆ ನೌಕರಿ ಅನ್ನೋ ಹೊತ್ತಿಗೆ ಕೆಲವರು ಚರ್ಚಿನ ಬಾಗಿಲಿಂದ ದೂರ ನಿಲ್ಲುತ್ತಾರೆ. ಕೆದಕಬೇಡಿ, ಬರೆಯಲೂ ಬೇಡಿ. ನೋಟ್‌ಬುಕ್ ಯಾರ ಕೈಗೆ ಬೇಕಾದರೂ ಸಿಗಬಹುದು, ಅಲ್ವಾ?

ಮೊದಲ ಭೇಟಿ

ಇಬ್ಬರು ಹೋಗಿ. ಮೊದಲ ಸಲವೇ ಸಭಾಪಾಲಕರನ್ನು ಕರೆದೊಯ್ಯಬೇಡಿ. ಅಯ್ಯನವರು ಬಂದರೆ ಮನೆಯವರು ಕುರ್ಚಿ ಒರೆಸುವುದರಲ್ಲೇ ಅರ್ಧ ಗಂಟೆ ಕಳೆಯುತ್ತಾರೆ. "ಯಾಕೆ ಚರ್ಚಿಗೆ ಬರ್ತಿಲ್ಲ?" ಅಂತಲೂ ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರ ಹತ್ತಿರವೂ ಒಂದು ಸಿದ್ಧ ಉತ್ತರ ಇರುತ್ತದೆ.

ಒಬ್ಬ ಅಕ್ಕನ ಮನೆಗೆ ನಾನು ಹೋದದ್ದು ಭಾನುವಾರ ಮಧ್ಯಾಹ್ನ. ಬಾಗಿಲಿಂದ ಒಲೆವರೆಗೆ ಜೀನ್ಸ್ ಪ್ಯಾಂಟಿನ ರಾಶಿ. ಥ್ರೆಡ್ ಕಟಿಂಗ್ ಕೆಲಸ, ಪೀಸಿಗೆ ಇಷ್ಟು ಅಂತ. "ಕೂಡ್ರಿ ಅನ್ನೋಕೂ ಜಾಗ ಇಲ್ರಿ ಅಕ್ಕಾ" ಅಂದರು. ನಾನು ಒಂದು ಕಟ್ಟು ಪಕ್ಕಕ್ಕೆ ಸರಿಸಿ, ಅಲ್ಲೇ ಬಿದ್ದಿದ್ದ ಚಿಕ್ಕ ಕತ್ತರಿ ತಗೊಂಡೆ. ಜೇಬಿನ ಮೂಲೆ, ಸೊಂಟಪಟ್ಟಿಯ ಒಳಗೆ, ಕಾಲಿನ ಮಡಿಕೆ, ದಾರದ ತುದಿ ಉಳಿಯುವುದು ಈ ಮೂರು ಕಡೆ. ಇಬ್ಬರೂ ಸುಮ್ನೆ ಕತ್ತರಿಸುತ್ತಾ ಕೂತೆವು. ಬೆರಳೆಲ್ಲ ನೀಲಿ ಆಯಿತು. ಕಟ್ಟು ಅರ್ಧ ಆಗುವಷ್ಟರಲ್ಲಿ ಅವರೇ ಶುರು ಮಾಡಿದರು. ಸೋಮವಾರ ಬೆಳಿಗ್ಗೆ ಮಾಲು ಒಯ್ಯಲು ಟೆಂಪೋ ಬರುತ್ತದೆ, ಹಾಗಾಗಿ ಭಾನುವಾರ ಏಳಲು ಆಗುವುದಿಲ್ಲ. ಅದು ಮೊದಲ ಕಾರಣ. ಇನ್ನೊಂದು ಕಟ್ಟು ಬಿಚ್ಚಿದ ಮೇಲೆ ಎರಡನೆಯದು ಬಂತು: ಅವರ ಅವ್ವನ ಮಣ್ಣಿನ ದಿನ ಕಮಿಟಿಯವರೊಬ್ಬರು ಚಂದಾ ಬಾಕಿಯ ಮಾತು ತೆಗೆದಿದ್ದರಂತೆ.

ಇಂಥದ್ದು ಕಿವಿಗೆ ಬಿದ್ದರೆ ಸಮಜಾಯಿಷಿ ಕೊಡಬೇಡಿ. "ಅವರ ಮನಸಲ್ಲಿ ಹಾಗಿರಲಿಲ್ಲ" ಅನ್ನಬೇಡಿ. ಆ ಮಾತಾಡಿದವರನ್ನೇ ಆ ಮನೆಗೆ ಕಳಿಸಿ, ತಪ್ಪಾಯಿತು ಅಂತ ಹೇಳಿಸಿ. ಅವರು ಒಪ್ಪದಿದ್ದರೆ ಸಭಾಹಿರಿಯರಲ್ಲಿ ಒಬ್ಬರು ಹೋಗಲಿ. ಅದು ಮುಗಿಯುವವರೆಗೆ ಆರಾಧನೆಯ ಮಾತೇ ಎತ್ತಬಾರದು.

ಹೊರಡುವ ಮುಂಚೆ ಒಂದು ಚಿಕ್ಕ ಪ್ರಾರ್ಥನೆ. ಮನೆಯವರ ಹೆಸರು ಹಿಡಿದು, ಅವರು ಹೇಳಿದ ಕಷ್ಟವನ್ನೇ ಹೇಳಿ. ಬೈಬಲ್ ಓದುವುದಿದ್ದರೆ 121ನೇ ಕೀರ್ತನೆ ಸಾಕು, ಎಂಟೇ ವಚನ.

ಮನೆಕೂಟ

ನಾಲ್ಕೈದು ಮನೆಗಳ ಪರಿಚಯ ಆದ ಮೇಲೆ ಆ ಓಣಿಯಲ್ಲೇ ಕೂಟ ಶುರು ಮಾಡಿ. ಇದು ಹೊಸದೇನಲ್ಲ. ಬೈಬಲಿನಲ್ಲಿ ಅಪೊಸ್ತಲ ಪೌಲ ರೋಮಿಗೆ ಬರೆದ ಪತ್ರದಲ್ಲಿ ಪ್ರಿಸ್ಕ ಮತ್ತು ಅಕ್ವಿಲನ ಮನೆಯಲ್ಲಿ ಕೂಡುತ್ತಿದ್ದ ಸಭೆಗೆ ವಂದನೆ ಹೇಳುತ್ತಾನೆ. ಆ ಗಂಡ ಹೆಂಡತಿ ಗುಡಾರ ಮಾಡಿ ಬದುಕಿದವರು, ಅಂದರೆ ಹೆಚ್ಚು ಕಡಿಮೆ ನನ್ನ ಕಸುಬಿನವರು. ನನಗೆ ಅವರ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ.

ದಿನವನ್ನು ನೋಟ್‌ಬುಕ್ ನೋಡಿ ಆರಿಸಿ. ಕೌಲ್ ಬಜಾರಿಗೆ ಮಂಗಳವಾರ ಸಂಜೆ ಸರಿಹೋಗುತ್ತದೆ, ಆಗ ಕೆಲಸದ ಒತ್ತಡ ಕಡಿಮೆ. ಹಟ್ಟಿಯ ಗಣಿ, ಶಕ್ತಿನಗರದ ವಿದ್ಯುತ್ ಸ್ಥಾವರದಂಥ ಕಡೆ ಶಿಫ್ಟ್ ಬದಲಾಗುತ್ತಾ ಇರುತ್ತದೆ. ಅಲ್ಲಿ ಒಂದು ವಾರ ಬೆಳಿಗ್ಗೆ, ಇನ್ನೊಂದು ವಾರ ಸಂಜೆ ಇಟ್ಟುಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ, ತಗಡಿನ ಮನೆಯೊಳಗೆ ಕೂಡುವುದು ಶಿಕ್ಷೆ. ಹೊತ್ತು ಮುಳುಗಿದ ಮೇಲೆ ಮಾಳಿಗೆಗೆ ಹೋಗಿ.

ಒಟ್ಟು 45 ನಿಮಿಷ. ಎಲ್ಲರಿಗೂ ಬಾಯಿಗೆ ಬರುವ ಎರಡು ಹಾಡು. ಒಂದು ಸಣ್ಣ ಭಾಗ ಓದಿ, ಮೂರು ಪ್ರಶ್ನೆ: ಇದರಲ್ಲಿ ಏನು ನಡೆಯಿತು? ನಿಮಗೆ ಯಾವ ಮಾತು ತಾಗಿತು? ಈ ವಾರ ಏನು ಮಾಡೋಣ? ಓದಲು ಬಾರದ ಅಜ್ಜಿಯರೇ ಒಳ್ಳೆಯ ಉತ್ತರ ಕೊಡುತ್ತಾರೆ, ಅವರಿಗೆ ಮೊದಲು ಅವಕಾಶ ಕೊಡಿ. ನಮ್ಮಲ್ಲಿ ಕೆಲವರಿಗೆ ತೆಲುಗು ಸಲೀಸು, ಅವರು ತೆಲುಗಿನಲ್ಲೇ ಪ್ರಾರ್ಥಿಸಲಿ. ಪ್ರಸಂಗ ಮಾಡುವ ಆಸೆ ಇರುವವರು ಒಬ್ಬರಾದರೂ ಬರುತ್ತಾರೆ. ಅವರಿಗೆ ಯೂತಿಖನ ಕಥೆ ನೆನಪಿಸಿ: ಪೌಲ ಮಧ್ಯರಾತ್ರಿವರೆಗೆ ಮಾತಾಡಿದ, ಕಿಟಕಿಯಲ್ಲಿ ಕೂತಿದ್ದ ಆ ಹುಡುಗ ತೂಕಡಿಸಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ. ಪೌಲನ ಎದುರಿಗೇ ಹೀಗಾದರೆ ನಮ್ಮ ಗತಿ ಏನು?

ತಿಂಡಿ ಬೇಡ. ಇದರಲ್ಲಿ ನಾನು ಬಹಳ ಖಡಕ್. ಒಂದು ಮನೆಯಲ್ಲಿ ವಗ್ಗರಣಿ ಮಿರ್ಚಿ ಕೊಟ್ಟರೆ ಮುಂದಿನ ಮನೆಯವರು ಅದಕ್ಕಿಂತ ಕಡಿಮೆ ಮಾಡಲು ನಾಚುತ್ತಾರೆ. ಮೂರನೇ ಮನೆಯವರು "ನಮ್ಮಲ್ಲಿ ಈ ಸಲ ಬೇಡ್ರಿ" ಅನ್ನುತ್ತಾರೆ. ಕೂಟ ಅಲ್ಲಿಗೆ ನಿಂತುಹೋಗುತ್ತದೆ. ಚಹಾ, ನೀರು, ಅಷ್ಟೇ. ಕಾಣಿಕೆ ಚೀಲವೂ ಮನೆಕೂಟಕ್ಕೆ ಬರಬಾರದು.

ಮೈಕ್ ಬೇಡವೇ ಬೇಡ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚಬಾರದು ಅಂತ ಕಾನೂನು ಇದೆ, ಆದರೆ ಮನೆಯೊಳಗಿನ ಪ್ರಾರ್ಥನೆಗೆ ಸಂಜೆ 7ಕ್ಕೂ ಮೈಕ್ ಯಾಕೆ? ಪಕ್ಕದ ಮನೆಯವರಿಗೆ ಹಿಂದಿನ ದಿನವೇ ಹೇಳಿ: "ನಾಳೆ ನಮ್ಮಲ್ಲಿ ಪ್ರಾರ್ಥನೆ ಐತ್ರಿ, ಒಂದು ಗಂಟೆ ಚಪ್ಪಲಿ ನಿಮ್ಮ ಬಾಗಿಲಿಗೂ ಬರಬಹುದು." ಹೇಳಿ ಮಾಡಿದರೆ ಅನುಮಾನಕ್ಕೆ ಜಾಗ ಕಡಿಮೆ.

ಒಬ್ಬೊಬ್ಬರಿಗೆ ಒಂದು ಕೆಲಸ

ಯೆರೂಸಲೇಮಿನ ಮೊದಲ ಸಭೆಯಲ್ಲಿ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲ ಅಂತ ಗೊಣಗಾಟ ಎದ್ದಿತು. ಆಗ ಏಳು ಜನರನ್ನು ಆರಿಸಿ ಆ ಕೆಲಸ ಒಪ್ಪಿಸಿದರು. ನಮ್ಮಲ್ಲಿ ಎಲ್ಲ ಕೆಲಸವೂ ಅಯ್ಯನವರ ತಲೆ ಮೇಲೆ. ಉಳಿದವರು ಕೂತು ನೋಡುವವರು. ಸುಮ್ನೆ ನೋಡುವುದಕ್ಕಾದರೆ ಮೊಬೈಲ್ ಸಾಕಲ್ಲ.

ನಮ್ಮೂರಿನ ದೊಡ್ಡ ಸರ್ಕಾರಿ ಆಸ್ಪತ್ರೆಯನ್ನು ಜನ ಈಗಲೂ ವಿಮ್ಸ್ ಅಂತಲೇ ಕರೆಯುತ್ತಾರೆ. ಕೊಪ್ಪಳ, ರಾಯಚೂರು ಕಡೆಯ ರೋಗಿಗಳೂ ಬರುತ್ತಾರೆ. ಜೊತೆಗೆ ಬಂದವರಿಗೆ ಯಾವ ಕೌಂಟರ್, ಯಾವ ಚೀಟಿ ಅನ್ನೋದೇ ತಿಳಿಯುವುದಿಲ್ಲ. ಬಿಡುವಿರುವ ಇಬ್ಬರು ಅಲ್ಲಿ ದಾರಿ ತೋರಿಸಲಿ. ರೊಟ್ಟಿ ಪಲ್ಯದ ಒಂದು ಡಬ್ಬಿ ಕೈಯಲ್ಲಿರಲಿ. ರೋಗಿ ಯಾವ ಜಾತಿ, ಯಾವ ಧರ್ಮ ಅಂತ ಕೇಳಬಾರದು. ವಾರ್ಡಿನಲ್ಲಿ ಪ್ರಸಂಗ, ಕರಪತ್ರ ಎರಡೂ ಬೇಡ. ಇದಕ್ಕೆ ನಾನು ಮೊದಲು ಕೇಳುವುದು ಭಾನುವಾರ ಬಾರದ ಗಂಡಸರನ್ನೇ. ಆರಾಧನೆಗೆ ಕರೆದರೆ ನುಣುಚಿಕೊಳ್ಳುವವರು ರಕ್ತ ಕೊಡಲು ಕರೆದರೆ ಗಾಡಿ ಹತ್ತಿ ಬರುತ್ತಾರೆ.

ಗುಳೆ ಹೋದವರ ವಿಷಯ ಬೇರೆ. ರಾಯಚೂರು ಜಿಲ್ಲೆಯ ಸಭೆಗಳಿಗೆ ಇದೇ ದೊಡ್ಡ ಪೆಟ್ಟು. ಗಂಡ ಹೆಂಡತಿ ಬೆಂಗಳೂರಿಗೋ ಗೋವಾಕ್ಕೋ ಹೋದರೆ ಮಕ್ಕಳು ಅಜ್ಜಿ ಹತ್ತಿರ. ಹೋಗುವ ಮುಂಚೆಯೇ ಅವರ ನಂಬರ್ ತಗೊಳ್ಳಿ, ಅಲ್ಲಿನ ಒಂದು ಕನ್ನಡ ಸಭೆಗೆ ಫೋನ್ ಮಾಡಿ ಪರಿಚಯ ಮಾಡಿಸಿ. ಇಲ್ಲಿ ಸಂಡೇ ಸ್ಕೂಲ್ ಟೀಚರ್ ಆ ಅಜ್ಜಿಯ ಮನೆಗೆ ಹೋಗಿ, ಮಗು ಸ್ಕೂಲಿಗೆ ಹೋಗುತ್ತಿದೆಯಾ ಅಂತ ನೋಡಲಿ. ತಿಂಗಳಿಗೊಮ್ಮೆ ಮಗುವಿನ ಫೋಟೋ ತಾಯಿಗೆ ಕಳಿಸಿ. ಗುಡ್ ಮಾರ್ನಿಂಗ್ ವಚನಗಳಿಗಿಂತ ಅದನ್ನು ಅವರು ಹತ್ತು ಸಲ ತೆಗೆದು ನೋಡುತ್ತಾರೆ.

ಹಾಗಾದರೆ ಭಾನುವಾರ?

ಬೇಕು. ಮನೆಕೂಟ ಚೆನ್ನಾಗಿ ನಡೆದರೆ ಕೆಲವರು "ಇನ್ನು ಚರ್ಚ್ ಯಾಕೆ" ಅನ್ನುತ್ತಾರೆ. ಒಪ್ಪಬೇಡಿ. ಕೂಡಿಬರುವುದನ್ನು ಬಿಡಬೇಡಿ ಅಂತ ಇಬ್ರಿಯರಿಗೆ ಬರೆದ ಪತ್ರದಲ್ಲೇ ಇದೆ. ಓಣಿಯ ಕೂಟದಲ್ಲಿ ನಮ್ಮಂಥವರೇ ಇರುತ್ತಾರೆ. ಭಾನುವಾರ ನಮಗೆ ಆಗದವರ ಪಕ್ಕದಲ್ಲೂ ಕೂಡಬೇಕಾಗುತ್ತದೆ. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ ನಮ್ಮಲ್ಲಿ ದೀಕ್ಷೆ ಪಡೆದ ಸಭಾಪಾಲಕರೇ ನಡೆಸುವುದು, ಕಥೋಲಿಕರಲ್ಲಿ ಬಲಿಪೂಜೆಗೆ ಫಾದರ್ ಬೇಕು. ಅದನ್ನು ಮನೆಯಲ್ಲಿ ನಾವೇ ಮಾಡಲು ಹೋಗಬಾರದು. ಹಾಸಿಗೆ ಹಿಡಿದವರಿಗೆ ಮನೆಗೇ ತಂದುಕೊಡಿ ಅಂತ ಕೇಳಬಹುದು.

ನೂರಾರು ಜನ ಹಿಡಿಸುವ ಹಳೇ ಚರ್ಚಿನಲ್ಲಿ ಮೂವತ್ತು ಜನ ಅಲ್ಲಲ್ಲಿ ಕೂತರೆ ಹಾಡು ಏಳುವುದೇ ಇಲ್ಲ. ಹಿಂದಿನ ಬೆಂಚುಗಳಿಗೆ ಹಗ್ಗ ಕಟ್ಟಿ, ಎಲ್ಲರೂ ಮುಂದೆ ಬರಲಿ. ತಿಂಗಳಿಗೊಮ್ಮೆ ಸಂಜೆ ಆರಾಧನೆ ಇಡಲು ಕಮಿಟಿಯನ್ನು ಕೇಳಿ. ಹಿರಿಯರು ಹಳೇ ವೈಭವ ನೆನೆದು ಕೊರಗಿದರೆ ಇಷ್ಟು ಹೇಳಿ: 1810ರಲ್ಲಿ ಲಂಡನ್ ಮಿಷನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದಾಗ ಅವರ ಮುಂದೆ ತುಂಬಿದ ಬೆಂಚುಗಳಿರಲಿಲ್ಲ. ಕನ್ನಡ ಕಲಿತರು, ಶಾಲೆ ತೆರೆದರು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತರು.

ಶುರು ಮಾಡಲು ಡಿಸೆಂಬರ್ ಒಳ್ಳೆಯದು. ಕ್ರಿಸ್ಮಸ್ ಹಾಡು ಹಾಡುತ್ತಾ ಮನೆ ಮನೆಗೆ ಕ್ಯಾರಲ್ಸ್‌ಗೆ ಹೋದಾಗ ವರ್ಷವೆಲ್ಲ ಬಾರದವರೂ ಬಾಗಿಲು ತೆರೆಯುತ್ತಾರೆ. ಪಟ್ಟಿಯಲ್ಲಿರುವ ಮನೆಗಳಿಗೆ ಮೊದಲು ಹೋಗಿ, ದೊಡ್ಡ ಮನೆಗಳಿಗೆ ಆಮೇಲೆ. ಹಾಡುವವರ ಹಿಂದೆ ಒಬ್ಬರು ನೋಟ್‌ಬುಕ್ ಹಿಡಿದಿರಲಿ, ಫೋನ್ ನಂಬರ್, ಶಿಫ್ಟ್ ಬದಲಾಗಿದ್ದರೆ ಅಲ್ಲೇ ತಿದ್ದಿಕೊಳ್ಳಲಿ. ಮತ್ತೆ, ಕಾಣಿಕೆ ಡಬ್ಬಿಯನ್ನು ಆ ಮನೆಗಳಿಗೆ ಒಯ್ಯಬೇಡಿ. ಖಜಾಂಚಿ ಗೊಣಗಲಿ ಬಿಡಿ.