ಸೈನಿಕ ಮತ್ತು ಮತದಾನ: ಪ್ರಚಾರೋಪನ್ಯಾಸ ಮಾಲೆ ನಡೆಸಿದ ನನ್ನ ಅನುಭವ

ಮೈಸೂರು ವಿಶ್ವವಿದ್ಯಾನಿಲಯವು ಊರೂರುಗಳಲ್ಲಿ ಕನ್ನಡದಲ್ಲೇ ಏರ್ಪಡಿಸುತ್ತಿದ್ದ ಪ್ರಚಾರೋಪನ್ಯಾಸಗಳ ಕಿರುಹೊತ್ತಿಗೆಗಳು ಹಳೆಯ ಗ್ರಂಥಾಲಯಗಳಲ್ಲಿ ಇಂದಿಗೂ ಸಿಗುತ್ತವೆ. ಇತಿಹಾಸದ ಅಧ್ಯಾಪಕನೂ ರಾಷ್ಟ್ರೀಯ ಸೇವಾ ಯೋಜನೆಯ ಕಾರ್ಯಕ್ರಮಾಧಿಕಾರಿಯೂ ಆಗಿದ್ದ ನನಗೆ ಪೌರತ್ವ, ಸಾಮಾಜಿಕ ಸಮಸ್ಯೆಗಳು ಮತ್ತು ಯುದ್ಧಸ್ಮರಣೆಯನ್ನು ಕುರಿತ ಸಾರ್ವಜನಿಕ ಉಪನ್ಯಾಸ ಮಾಲೆಯ ಹೊಣೆ ಬಂದಾಗ, ನಾನು ಮಾದರಿಯಾಗಿ ಇಟ್ಟುಕೊಂಡದ್ದು ಆ ಹೊತ್ತಿಗೆಗಳನ್ನೇ. ಮೂರೂ ವಿಷಯಗಳಿಗೆ ಮೂವರು ವಿದ್ವಾಂಸರನ್ನು ಕರೆಸಿ ಮುಗಿಸಿಬಿಡುವುದು ಸುಲಭವಾಗಿತ್ತು. ಆದರೆ ಯುದ್ಧಕ್ಕೆ ಹೋದವನಿಗೆ ತನ್ನ ನಾಡಿನ ಆಡಳಿತದಲ್ಲಿ ಯಾವ ಹಕ್ಕಿತ್ತು ಎಂಬ ಒಂದೇ ಪ್ರಶ್ನೆಯಿಂದ ಮೂರನ್ನೂ ಕಟ್ಟಬಹುದು ಎಂದು ನನಗೆ ಅನ್ನಿಸಿತ್ತು.

ದಿನಗಳನ್ನು ಗೊತ್ತುಮಾಡುವುದು ಕಷ್ಟವಾಗಲಿಲ್ಲ. ಸೆಪ್ಟೆಂಬರ್ 23 ಇಂದಿನ ಇಸ್ರೇಲಿನ ಬಂದರು ಹೈಫಾವನ್ನು ಗೆದ್ದ ನೆನಪಿನ ಹೈಫಾ ದಿನ, ಮರುದಿನವೇ ರಾಷ್ಟ್ರೀಯ ಸೇವಾ ಯೋಜನೆಯ ದಿನ; ನವೆಂಬರ್ 26 ಸಂವಿಧಾನ ದಿನ; ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ; ಕೊಡಗಿನ ಕೆ.ಎಂ. ಕಾರ್ಯಪ್ಪನವರು 1949ರಲ್ಲಿ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿ ಅಧಿಕಾರ ವಹಿಸಿಕೊಂಡ ಜನವರಿ 15 ಸೇನಾ ದಿನ.

ಮೊದಲ ಉಪನ್ಯಾಸ ಹೈಫಾದ ಮೇಲೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಬ್ರಿಟಿಷರ ಪರವಾಗಿ ಕಾದುತ್ತಿದ್ದ ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಅಶ್ವದಳಗಳು ಫಿರಂಗಿ, ಮೆಷಿನ್ ಗನ್ನುಗಳ ಎದುರಿಗೆ ಕುದುರೆ ಓಡಿಸಿ, ಆಟೋಮನ್ ತುರ್ಕರ ಕೈಯಲ್ಲಿದ್ದ ಆ ಬಂದರನ್ನು ಗೆದ್ದುಕೊಂಡವು. ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳ ಮೇಲೆ ಮೈಸೂರಿನ ತುಕಡಿ ಏರಿ ಹೋಯಿತು. ಊರೊಳಗೆ ನುಗ್ಗಿದ ಜೋಧಪುರ ದಳದ ಮೇಜರ್ ದಳಪತ್ ಸಿಂಗ್ ಮಡಿದರು. ಸಭೆಯಲ್ಲಿ ಇಷ್ಟನ್ನು ಹೇಳಿದೊಡನೆ ಚಪ್ಪಾಳೆ ಬರುತ್ತದೆ. ಅಲ್ಲಿಗೇ ನಿಲ್ಲಿಸಿದರೆ ಅದು ಉಪನ್ಯಾಸವಾಗುವುದಿಲ್ಲ, ಜಯಕಾರವಾಗುತ್ತದೆ. ಆದ್ದರಿಂದ ನಾನು ಕೂಡಲೇ ಮೈಸೂರಿಗೆ ಹಿಂದಿರುಗುತ್ತಿದ್ದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆ ನಮ್ಮ ಹೆಮ್ಮೆಯೇನೋ ಹೌದು, ಆದರೆ ಅದರಲ್ಲಿ ದನಿಯಿದ್ದದ್ದು ಬಹುಮಟ್ಟಿಗೆ ಭೂಮಾಲೀಕರಿಗೆ ಮತ್ತು ವರ್ತಕರಿಗೆ. 1914ರಲ್ಲಿ ಮೈಸೂರು ಸಂಸ್ಥಾನ ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟಾಗಲಾಗಲಿ, ಅಶ್ವದಳವನ್ನು ಹಡಗು ಹತ್ತಿಸಿದಾಗಲಾಗಲಿ, ಸಾಮಾನ್ಯ ಸವಾರನ ಮನೆಯವರನ್ನು ಯಾರೂ ಕೇಳಿರಲಿಲ್ಲ. ವಯಸ್ಕರೆಲ್ಲರಿಗೂ ಮತದ ಹಕ್ಕು ಬಂದು ಮೊದಲ ಮಹಾಚುನಾವಣೆ ನಡೆದದ್ದು 1951–52ರಲ್ಲಿ.

ಎರಡನೆಯ ಉಪನ್ಯಾಸಕ್ಕೆ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ದಾಖಲೆಗಳನ್ನೇ ಪರದೆಯ ಮೇಲೆ ತೋರಿಸಿದೆವು. ಅದೇ ಯುದ್ಧದಲ್ಲಿ ಮೆಸೊಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ, ಸತ್ತು ಸಮಾಧಿಯ ಗುರುತೇ ಇಲ್ಲದವರಿಗಾಗಿ 1929ರಲ್ಲಿ ಅನಾವರಣಗೊಂಡ ಬಸ್ರಾ ಸ್ಮಾರಕ 40,000ಕ್ಕೂ ಹೆಚ್ಚು ಜನರದು. ಅದರ ಮೇಲೆ ಬ್ರಿಟಿಷ್ ಸೈನಿಕರ ಹೆಸರುಗಳನ್ನು ಕೆತ್ತಿದರು, ಭಾರತೀಯ ಅಧಿಕಾರಿಗಳ ಹೆಸರುಗಳನ್ನೂ ಕೆತ್ತಿದರು. ಭಾರತದ ಸಾಮಾನ್ಯ ಸಿಪಾಯಿಗಳಿಗೆ ಮಾತ್ರ ಆಯಾ ಪಡೆಯ ಹೆಸರಿನ ಕೆಳಗೆ ಇಷ್ಟು ಜನ ಎಂಬ ಸಂಖ್ಯೆ ಉಳಿಯಿತು. ಇಂಥ ಅಸಮಾನತೆಯನ್ನು ಆಯೋಗವೇ 2021ರ ತನ್ನ ವರದಿಯಲ್ಲಿ ಒಪ್ಪಿಕೊಂಡಿದೆ. ಕಡಿಮೆಯೆಂದರೂ 1,16,000 ಮಂದಿ, ಅವರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನ ಕಡೆಯವರು, ಹೆಸರಿನಿಂದ ಸ್ಮರಿಸಲ್ಪಡದೆ ಅಥವಾ ಸ್ಮರಣೆಯೇ ಇಲ್ಲದೆ ಉಳಿದರೆಂದು ಅದು ಹೇಳುತ್ತದೆ. ಕಲ್ಲಿನ ಮೇಲಿಲ್ಲದ ಎಷ್ಟೋ ಹೆಸರುಗಳು ಆಯೋಗದ ಕಡತಗಳಲ್ಲಿ ಸಿಗುತ್ತವೆ. ಸಿಪಾಯಿಯ ಸಂಖ್ಯೆ, ಪಡೆ, ಸತ್ತ ದಿನ, ಕೆಲವೆಡೆ ತಂದೆಯ ಹೆಸರು ಮತ್ತು ಊರು, ಎಲ್ಲವೂ ಒಂದೇ ಸಾಲಿನಲ್ಲಿ. ಊರಿನ ಹೆಸರುಗಳು ಅಂದಿನ ಇಂಗ್ಲಿಷ್ ಗುಮಾಸ್ತನ ಕಿವಿಗೆ ಬಿದ್ದಂತೆ ಬರೆದವು. ಅವುಗಳನ್ನು ಬಿಡಿಸಿ ಓದುವುದರಲ್ಲಿ ನಮ್ಮ ವಿದ್ಯಾರ್ಥಿಗಳಿಗಿಂತ ಮುಂದಿನ ಸಾಲಿನಲ್ಲಿ ಕುಳಿತಿದ್ದ ನಿವೃತ್ತ ಶಾನುಭೋಗರೊಬ್ಬರು ಚುರುಕಾಗಿದ್ದರು. “ಅದು ಹಳ್ಳಿ ಅಲ್ಲ ಸ್ವಾಮಿ, ಹೋಬಳಿ ಹೆಸರು, ಹಳ್ಳಿ ಅದರ ಹಿಂದಿನ ಪದದಲ್ಲಿದೆ ನೋಡಿ” ಎಂದು ಅವರು ಎದ್ದುನಿಂತು ತಿದ್ದಿದಾಗ ಇಡೀ ಸಭೆ ಪರದೆಯ ಕಡೆಗೆ ಬಾಗಿತು.

ಮೂರನೆಯದಕ್ಕೆ ನಿವೃತ್ತ ಹವಾಲ್ದಾರರೊಬ್ಬರನ್ನು ಕರೆದಿದ್ದೆವು. ಯುದ್ಧದ ಕಥೆ ಬೇಡ, ಸೇವೆಯಲ್ಲಿದ್ದಾಗ ನೀವು ಪೌರರಾಗಿ ಹೇಗಿದ್ದಿರಿ ಎಂಬುದನ್ನು ಹೇಳಿ ಎಂದು ನಾನು ಮೊದಲೇ ಕೇಳಿಕೊಂಡಿದ್ದೆ. ಗಡಿಯಲ್ಲಿದ್ದಾಗ ಅಂಚೆ ಮತಪತ್ರ ಕೈ ಸೇರುವಷ್ಟರಲ್ಲಿ ಊರಿನಲ್ಲಿ ಫಲಿತಾಂಶವೇ ಬಂದಿರುತ್ತಿದ್ದುದನ್ನು ಅವರು ಸಿಟ್ಟಿಲ್ಲದೆ ವಿವರಿಸಿದರು. ಸೈನಿಕರು ತಮ್ಮ ಪರವಾಗಿ ಬೇರೊಬ್ಬರಿಂದ ಮತ ಹಾಕಿಸಲು 2003ರಲ್ಲಿ ಅವಕಾಶವಾದದ್ದನ್ನೂ, ಮತಪತ್ರವನ್ನು ವಿದ್ಯುನ್ಮಾನ ರೀತಿಯಲ್ಲಿ ಕಳುಹಿಸುವ ವ್ಯವಸ್ಥೆಗೆ 2016ರಲ್ಲಿ ನಿಯಮ ತಿದ್ದಿದ್ದನ್ನೂ ನಾನು ಸೇರಿಸಿದೆ. ಆಗ ವಿದ್ಯಾರ್ಥಿನಿಯೊಬ್ಬಳು, ಸೈನಿಕರು ಸಂಘ ಕಟ್ಟಬಹುದೇ ಎಂದು ಕೇಳಿದಳು. ಸಂವಿಧಾನದ 33ನೆಯ ವಿಧಿಯ ಪ್ರಕಾರ ಸಶಸ್ತ್ರ ಪಡೆಗಳವರ ಮೂಲಭೂತ ಹಕ್ಕುಗಳನ್ನು ಸಂಸತ್ತು ಮಿತಿಗೊಳಿಸಬಹುದು. 1950ರ ಸೇನಾ ಕಾಯಿದೆ ಸಂಘ ಸೇರುವುದನ್ನೂ ಪತ್ರಿಕೆಗಳಿಗೆ ಬರೆಯುವುದನ್ನೂ ನಿರ್ಬಂಧಿಸಲು ಅವಕಾಶ ಕೊಡುತ್ತದೆ. ಪೌರತ್ವವೆಂದರೆ ಎಲ್ಲರಿಗೂ ಒಂದೇ ಅಳತೆಯದು ಎಂದು ನಂಬಿದ್ದವರಿಗೆ ಈ ವಿಧಿಯನ್ನು ಓದಿ ತೋರಿಸಿದಷ್ಟು ಪರಿಣಾಮ ನನ್ನ ಬೇರಾವ ಮಾತಿನಿಂದಲೂ ಆಗಲಿಲ್ಲ.

ವೇದಿಕೆಯ ಶಿಷ್ಟಾಚಾರವನ್ನು ಕತ್ತರಿಸಿದ್ದು ನನ್ನ ಹಟ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಹಾರ, ಶಾಲು, ಅಧ್ಯಕ್ಷರ ಭಾಷಣ ಎಲ್ಲವೂ ಮುಗಿಯುವಷ್ಟರಲ್ಲಿ ಕೊನೆಯ ಬಸ್ಸಿಗೆ ಹೋಗುವವರು ಎದ್ದಿರುತ್ತಾರೆ. ನಾವು ಸಂವಿಧಾನದ ಪೀಠಿಕೆಯನ್ನು ಎಲ್ಲರೂ ನಿಂತು ಓದಿ ನೇರವಾಗಿ ಉಪನ್ಯಾಸಕ್ಕೆ ಇಳಿಯುತ್ತಿದ್ದೆವು. ಉಪನ್ಯಾಸದಷ್ಟೇ ಸಮಯವನ್ನು ಪ್ರಶ್ನೆಗಳಿಗೂ ಇಡುತ್ತಿದ್ದೆವು. ಬಾಯಿಬಿಟ್ಟು ಕೇಳಲು ಹಿಂಜರಿಯುವವರಿಗೆ ಚೀಟಿ ಹಂಚುತ್ತಿದ್ದೆವು, ಹೆಂಗಸರ ಪ್ರಶ್ನೆಗಳು ಬಂದದ್ದು ಹೆಚ್ಚಾಗಿ ಚೀಟಿಗಳಲ್ಲೇ. ಪಿಂಚಣಿ ಹೆಂಡತಿಗೋ ತಾಯಿಗೋ ಎಂಬ ಜಗಳ, ಮಾಜಿ ಸೈನಿಕರಿಗೆಂದು ಅರ್ಜಿ ಹಾಕಿದ ಜಮೀನಿನ ಕಡತ ಮುಂದಕ್ಕೆ ಹೋಗದಿರುವುದು, ಇವೆಲ್ಲ ನಮ್ಮ ಪಟ್ಟಿಯಲ್ಲಿದ್ದ ‘ಸಾಮಾಜಿಕ ಸಮಸ್ಯೆ’ಗಳಿಗಿಂತ ಗಟ್ಟಿಯಾಗಿದ್ದವು.

ಬ್ರಿಟಿಷರ ಪರವಾಗಿ ಕಾದವರನ್ನು ನಾವೇಕೆ ನೆನೆಯಬೇಕು ಎಂಬ ಪ್ರಶ್ನೆ ಎಲ್ಲ ಊರಿನಲ್ಲೂ ಬಂತು, ಬರಲೇಬೇಕಾದದ್ದು. ಇದಕ್ಕೆ ನಾನು ವೇದಿಕೆಯಿಂದ ತೀರ್ಪು ಕೊಡುತ್ತಿರಲಿಲ್ಲ. ಮೈಸೂರು ದಳದಲ್ಲಿ ಮುಸ್ಲಿಮರೂ ಮರಾಠರೂ ಅರಸು ಮನೆತನದವರೂ ಇದ್ದರು, ಅವರಲ್ಲಿ ಸಂಬಳಕ್ಕೆ ಸೇರಿದವರು ಯಾರು, ರಾಜನಿಷ್ಠೆಯಿಂದ ಸೇರಿದವರು ಯಾರು ಎಂದು ನಾವು ಇಂದು ಬೇರ್ಪಡಿಸಲಾರೆವು ಎಂದಷ್ಟೇ ಹೇಳಿ, ಉತ್ತರವನ್ನು ಸಭೆಗೇ ಬಿಡುತ್ತಿದ್ದೆ. ಒಂದೆಡೆ ಕಾಲೇಜು ಹುಡುಗನೊಬ್ಬ, ಸ್ಮಾರಕದಲ್ಲಿ ಅವರು ಯಾರ ಯುದ್ಧದಲ್ಲಿ ಸತ್ತರು ಎಂಬುದನ್ನೂ ಕನ್ನಡದಲ್ಲಿ ಬರೆಯಲಿ ಎಂದ. ಅವನ ಹಿಂದೆ ಕುಳಿತಿದ್ದ ಹಿರಿಯರು ಅದಕ್ಕೆ ಒಪ್ಪಲಿಲ್ಲ. ಅವರಿಬ್ಬರ ವಾದವನ್ನೂ ನಾವು ತರಲಿರುವ ಕಿರುಹೊತ್ತಿಗೆಯಲ್ಲಿ ಉಪನ್ಯಾಸದ ಜೊತೆಗೇ ಅಚ್ಚುಮಾಡುತ್ತಿದ್ದೇವೆ.