ಮಹಾನಗರದಲ್ಲಿ ಮಹಿಳೆಯೊಬ್ಬರು ಕಾಣೆಯಾದಾಗ: ಜೊತೆಗೂಡಿ ಹುಡುಕುವವರಿಗೆ ಒಂದು ಕೈಪಿಡಿ

ಮಹಿಳೆಯೊಬ್ಬರು ಮನೆಗೆ ಮರಳಲಿಲ್ಲ ಎಂಬ ಸುದ್ದಿ ಹಬ್ಬಿದ ಒಂದೆರಡು ಗಂಟೆಗಳಲ್ಲೇ ನೆರೆಹೊರೆಯವರು, ಸಹೋದ್ಯೋಗಿಗಳು, ಹಳೆಯ ಗೆಳತಿಯರು ಎಂದು ಹತ್ತಾರು ಜನ ಹುಡುಕಲು ಸಿದ್ಧರಾಗಿ ನಿಲ್ಲುತ್ತಾರೆ. ಜನರ ಕೊರತೆಯಿಂದ ಹುಡುಕಾಟ ಸೋಲುವುದು ಅಪರೂಪ. ಬಂದವರೆಲ್ಲ ಒಂದೇ ಬಸ್ ನಿಲ್ದಾಣವನ್ನು ಮೂರು ಸಲ ನೋಡಿ, ಅದರ ಹಿಂಬದಿಯ ರಸ್ತೆಗೆ ಯಾರೂ ಹೋಗದೆ ಉಳಿದು, ಅಷ್ಟರಲ್ಲಿ ಆ ರಸ್ತೆಯ ಅಂಗಡಿಯೊಂದರ ಕ್ಯಾಮೆರಾದಲ್ಲಿದ್ದ ದೃಶ್ಯ ಅಳಿಸಿಹೋಗಿರುತ್ತದೆ. ಸೋಲುವುದು ಹೀಗೆ. ಇಂಥ ಎರಡು ಹುಡುಕಾಟಗಳಲ್ಲಿ ನಾನು ಓಡಾಡಿದ್ದಕ್ಕಿಂತ ಹೆಚ್ಚಾಗಿ ಒಂದೆಡೆ ಕುಳಿತು ಬರೆದದ್ದೇ ಹೆಚ್ಚು. ಈ ಕೈಪಿಡಿಯೂ ಬರೆಯುವವನ ಕುರ್ಚಿಯಿಂದಲೇ ಬಂದದ್ದು.

ಮೊದಲ ಹೆಜ್ಜೆ ಪೊಲೀಸ್ ಠಾಣೆಯದು. 24 ಗಂಟೆ ಕಳೆಯುವವರೆಗೆ ದೂರು ಕೊಡುವಂತಿಲ್ಲ ಎಂಬ ನಂಬಿಕೆ ಲೋಕದಾದ್ಯಂತ ಬೇರೂರಿದೆ, ಆದರೆ ಅಂಥ ಕಾಯುವಿಕೆ ಬೇಡವೆಂದು ಹಲವು ದೇಶಗಳ ಪೊಲೀಸರು ತಾವೇ ಹೇಳುತ್ತಾರೆ. ಹೊತ್ತಿಗೆ ಸರಿಯಾಗಿ ಮರಳುವ ಅಭ್ಯಾಸದವರು ಮರಳದಿದ್ದರೆ, ನಿತ್ಯದ ಔಷಧಿಯನ್ನು ಬಿಟ್ಟು ಹೋಗಿದ್ದರೆ, ಬೆದರಿಕೆಯ ಹಿನ್ನೆಲೆಯಿದ್ದರೆ ಅದನ್ನು ದೂರಿನ ಮೊದಲ ಸಾಲಿನಲ್ಲೇ ಬರೆಯಬೇಕು, ಏಕೆಂದರೆ ಪ್ರಕರಣಕ್ಕೆ ಎಷ್ಟು ತುರ್ತು ಎಂಬುದನ್ನು ಠಾಣೆಯವರು ನಿರ್ಧರಿಸುವುದು ಇಂಥ ವಿವರಗಳ ಮೇಲೆ. ದೂರಿನ ಸಂಖ್ಯೆ ಮತ್ತು ತನಿಖಾಧಿಕಾರಿಯ ಹೆಸರನ್ನು ಪಡೆಯದೆ ಹೊರಬರಬೇಡಿ.

ದೂರಿಗೆ ಇನ್ನೊಂದು ಉಪಯೋಗವೂ ಇದೆ, ಅದನ್ನು ಹೆಚ್ಚಿನವರು ಯೋಚಿಸುವುದಿಲ್ಲ. ಮನೆಯ ಹಿಂಸೆಯನ್ನು ತಾಳಲಾರದೆ ಹೊರಟುಹೋದ ಹೆಂಗಸನ್ನು, ಹೊಡೆಯುತ್ತಿದ್ದವನೇ ಕಣ್ಣೀರಿಡುತ್ತ ಊರವರ ಸಹಾಯದಿಂದ ಹುಡುಕಿಸುವುದು ಸಾಧ್ಯ. ಆದ್ದರಿಂದ ದೂರು ದಾಖಲಾಗಿದೆಯೇ ಎಂದು ಠಾಣೆಯಲ್ಲಿ ಖಚಿತಪಡಿಸಿಕೊಳ್ಳದೆ ಯಾವ ಗುಂಪೂ ಒಬ್ಬ ಮಹಿಳೆಯ ಫೋಟೊ ಹಿಡಿದು ಬೀದಿಗೆ ಇಳಿಯಬಾರದು. ದೂರು ಕೊಡಲು ಹಿಂಜರಿಯುವ ಬಂಧುವಿನ ಜೊತೆ ಹುಡುಕಲು ಹೋಗದಿರುವುದೇ ಒಳ್ಳೆಯದು.

ಮನೆಯವರು ಆಕೆಯ ಕೋಣೆಯನ್ನು ಒಪ್ಪ ಮಾಡಬಾರದು. ಬಾಚಣಿಗೆಯಲ್ಲಿ ಉಳಿದ ಕೂದಲು, ಹಲ್ಲುಜ್ಜುವ ಬ್ರಷ್, ಒಗೆಯದೆ ಬಿಟ್ಟ ಬಟ್ಟೆ ಮುಂದೆ ಡಿಎನ್‌ಎ ಪರೀಕ್ಷೆಗೋ ಪೊಲೀಸ್ ನಾಯಿಗೋ ಬೇಕಾಗಬಹುದು. ಅವನ್ನು ಮುಟ್ಟದೆ ಇದ್ದಲ್ಲೇ ಬಿಡಿ, ತೆಗೆಯಲೇಬೇಕಾದರೆ ತೇವ ಹಿಡಿಯುವ ಪ್ಲಾಸ್ಟಿಕ್ ಚೀಲದ ಬದಲು ಕಾಗದದ ಲಕೋಟೆಯಲ್ಲಿಡಿ. ಆಕೆಯ ಮೊಬೈಲ್ ಇನ್ನೂ ರಿಂಗಾಗುತ್ತಿದ್ದರೆ ನಲವತ್ತು ಜನ ಸರದಿಯಲ್ಲಿ ಕರೆ ಮಾಡಿ ಬ್ಯಾಟರಿ ಮುಗಿಸಬಾರದು. ಒಬ್ಬರು ಮಾತ್ರ, ನಿಗದಿತ ಅಂತರದಲ್ಲಿ, ಕರೆ ಮಾಡಲಿ. ಮನೆಯ ಕಂಪ್ಯೂಟರಿನಲ್ಲಿ ಆಕೆಯ ಖಾತೆ ಮೊದಲೇ ತೆರೆದಿದ್ದರೆ ಫೋನ್ ಎಲ್ಲಿದೆ ಎಂದು ತೋರಿಸುವ ಸೌಲಭ್ಯ ನೆರವಿಗೆ ಬಂದೀತು. ಊಹೆಯ ಮೇಲೆ ಪಾಸ್‌ವರ್ಡ್ ಹಾಕುತ್ತ ಹೋದರೆ ಖಾತೆಯೇ ಬೀಗ ಹಾಕಿಕೊಳ್ಳುತ್ತದೆ. ಟವರ್ ಮಾಹಿತಿ, ಬ್ಯಾಂಕ್ ಕಾರ್ಡ್ ಮತ್ತು ಪ್ರಯಾಣದ ಕಾರ್ಡ್ ಬಳಕೆಯ ವಿವರ ಪೊಲೀಸರ ಕೋರಿಕೆಗೆ ಸಿಗುವಂಥವು. ಆ ಕಂಪನಿಗಳ ಗ್ರಾಹಕ ಸೇವೆಗೆ ಕರೆ ಮಾಡುತ್ತ ಕೂರುವುದರಿಂದ ಪ್ರಯೋಜನವಿಲ್ಲ. ಗಡಿ ದಾಟಿರುವ ಅನುಮಾನವಿದ್ದರೆ, ಕಾಣೆಯಾದವರ ಪತ್ತೆಗಾಗಿ ಅಂತರರಾಷ್ಟ್ರೀಯ ಪೊಲೀಸ್ ಸಂಸ್ಥೆಯಾದ ಇಂಟರ್‌ಪೋಲ್ ಹೊರಡಿಸುವ ಹಳದಿ ನೋಟಿಸ್ ಎಂಬುದೊಂದಿದೆ. ಅದನ್ನೂ ದೇಶದ ಪೊಲೀಸರೇ ಕೋರಬೇಕು, ಹಾಗಾಗಿ ತನಿಖಾಧಿಕಾರಿಯ ಮುಂದೆ ಪ್ರಸ್ತಾಪಿಸಿ.

ಒಂದು ಪುಸ್ತಕ, ಒಂದು ನಕ್ಷೆ

ಇನ್ನು ಗುಂಪಿನ ಕೆಲಸ. ಹೆಚ್ಚು ಓಡಾಡಲಾಗದ, ಆದರೆ ಅಕ್ಷರ ಸ್ಪಷ್ಟವಿರುವ ಒಬ್ಬರನ್ನು ಕೂರಿಸಿ ಅವರ ಕೈಗೆ ಒಂದು ದಪ್ಪ ಪುಸ್ತಕ ಕೊಡಿ. ಹೊರಗೆ ಹೋಗುವ ಪ್ರತಿ ಜೋಡಿಯೂ ಅದರಲ್ಲಿ ಬರೆಸಿಯೇ ಹೋಗಬೇಕು, ಬಂದ ಮೇಲೆ ಬರೆಸಿಯೇ ಮನೆಗೆ ತೆರಳಬೇಕು. ಒಂಟಿಯಾಗಿ ಯಾರನ್ನೂ ಕಳುಹಿಸಬೇಡಿ. ವಾಟ್ಸ್‌ಆ್ಯಪ್ ಗುಂಪು ಇದಕ್ಕೆ ಬದಲಿಯಾಗಲಾರದು: ಬೆಳಗ್ಗೆ ಆರಕ್ಕೆ ಬಂದ ನಿಜವಾದ ಸುಳಿವು ಹತ್ತು ಗಂಟೆಯ ಹೊತ್ತಿಗೆ ಇನ್ನೂರು ಕೈಮುಗಿದ ಚಿತ್ರಗಳ ಅಡಿಯಲ್ಲಿ ಹೂತುಹೋಗಿರುತ್ತದೆ.

ನಕ್ಷೆಯಲ್ಲಿ ಎರಡು ಚುಕ್ಕಿಗಳನ್ನು ಬೇರೆ ಬೇರೆ ಬಣ್ಣದಲ್ಲಿ ಗುರುತಿಸಿ. ಯಾರಾದರೂ ಆಕೆಯನ್ನು ಕಣ್ಣಾರೆ ಕಂಡ ಕೊನೆಯ ಜಾಗ ಒಂದು. ಕ್ಯಾಮೆರಾ, ಫೋನ್, ಬಿದ್ದು ಸಿಕ್ಕ ಚೀಲ ಮುಂತಾದ ಕುರುಹಿನಿಂದ ಆಕೆ ಇದ್ದಳೆಂದು ತಿಳಿದ ಕೊನೆಯ ಜಾಗ ಇನ್ನೊಂದು. ಇವೆರಡೂ ಎಷ್ಟೋ ಸಲ ಕಿಲೋಮೀಟರುಗಟ್ಟಲೆ ದೂರವಿರುತ್ತವೆ. ಹುಡುಕಾಟ ಹರಡಬೇಕಾದದ್ದು ಈ ಎರಡರಲ್ಲಿ ಸಮಯದ ಲೆಕ್ಕದಲ್ಲಿ ಈಚಿನದಾದ ಚುಕ್ಕಿಯಿಂದಲೇ ಹೊರತು ಮನೆಯಿಂದಲ್ಲ. ಮನೆಯ ಸುತ್ತಲೇ ಸುತ್ತುವುದು ಸಹಜ ಸ್ವಭಾವ, ನಾನೂ ಹಾಗೆಯೇ ಮಾಡಿದ್ದೇನೆ.

ಪುಸ್ತಕದಲ್ಲಿ ‘ನೋಡಿ ಆಯಿತು’ ಎಂದು ಬರೆಯುವುದನ್ನು ನಿಷೇಧಿಸಿ. 2013ರಲ್ಲಿ ಲಾಸ್ ಏಂಜಲೀಸಿನ ಹೋಟೆಲೊಂದರಲ್ಲಿ ತಂಗಿದ್ದ ಯುವತಿಯೊಬ್ಬಳು ಜನವರಿ 31ರ ನಂತರ ಕಾಣಿಸಲಿಲ್ಲ. ಪೊಲೀಸರು ನಾಯಿಗಳೊಂದಿಗೆ ಮಾಳಿಗೆಯವರೆಗೂ ಶೋಧಿಸಿದ್ದರು. ನಲ್ಲಿಯಲ್ಲಿ ನೀರು ಸರಿಯಾಗಿ ಬರುತ್ತಿಲ್ಲವೆಂದು ತಂಗಿದವರು ದೂರಿದ ಮೇಲೆ, ಫೆಬ್ರವರಿ 19ರಂದು, ಅದೇ ಮಾಳಿಗೆಯ ನೀರಿನ ತೊಟ್ಟಿಯಲ್ಲಿ ಶವ ಸಿಕ್ಕಿತು. ಮಾಳಿಗೆಯನ್ನು ನೋಡಿದ್ದರು, ತೊಟ್ಟಿಯನ್ನು ತೆರೆದಿರಲಿಲ್ಲ. ಆದ್ದರಿಂದ ಏನನ್ನು ನೋಡಿದಿರಿ ಎಂಬುದರ ಪಕ್ಕದಲ್ಲಿ ಏನನ್ನು ತೆರೆಯಲಾಗಲಿಲ್ಲ ಎಂಬುದನ್ನೂ ಬರೆಸಿ: ‘ನೆಲಮಾಳಿಗೆಯ ವಾಹನ ನಿಲುಗಡೆ ನೋಡಿದೆವು, ಪಂಪ್ ಕೋಣೆಗೆ ಬೀಗ, ಕೀಲಿ ಕಾವಲುಗಾರನ ಬಳಿ ಇಲ್ಲ.’ ಎರಡನೆಯ ಅರ್ಧವೇ ಮರುದಿನದ ಕೆಲಸ. ಬೀಗವನ್ನು ನೀವೇ ಒಡೆಯಲು ಹೋಗಬಾರದು. ಅನುಮಾನಾಸ್ಪದ ವಸ್ತು ಕಂಡರೆ ಮುಟ್ಟದೆ, ಇದ್ದಲ್ಲೇ ಫೋಟೊ ತೆಗೆದು, ಒಬ್ಬರು ಕಾವಲಿದ್ದು ಪೊಲೀಸರನ್ನು ಕರೆಯಬೇಕು.

ಕ್ಯಾಮೆರಾ ಎಂಬ ಅವಸರ

ಮೊದಲ ಎರಡು ದಿನಗಳ ಶ್ರಮವನ್ನು ಎಲ್ಲಿ ಸುರಿಯಬೇಕೆಂದು ಕೇಳಿದರೆ ಕ್ಯಾಮೆರಾಗಳಿಗೆ ಎನ್ನುತ್ತೇನೆ. ಅಂಗಡಿ, ಕಚೇರಿ, ವಸತಿ ಸಮುಚ್ಚಯಗಳ ಸಿಸಿಟಿವಿ ಪೆಟ್ಟಿಗೆಯ ಡಿಸ್ಕ್ ತುಂಬಿದೊಡನೆ ಹಳೆಯ ದೃಶ್ಯದ ಮೇಲೆ ಹೊಸದು ಕೂರುತ್ತದೆ. ಕೆಲವೆಡೆ ತಿಂಗಳು ಉಳಿದರೆ, ಸಣ್ಣ ಅಂಗಡಿಯಲ್ಲಿ ನಾಲ್ಕೈದು ದಿನವೂ ಉಳಿಯದೆ ಹೋಗಬಹುದು. 2012ರ ಸೆಪ್ಟೆಂಬರ್ 22ರಂದು ಮೆಲ್ಬರ್ನ್ ನಗರದಲ್ಲಿ ರಾತ್ರಿ ಮನೆಗೆ ನಡೆದು ಹೊರಟಿದ್ದ ಮಹಿಳೆ ಕಾಣೆಯಾದಾಗ, ಮದುವೆಯ ಉಡುಪು ಮಾರುವ ಅಂಗಡಿಯೊಂದರ ಕ್ಯಾಮೆರಾ ಆಕೆಯನ್ನೂ ಆಕೆಯನ್ನು ಮಾತನಾಡಿಸಿದವನನ್ನೂ ಹಿಡಿದಿಟ್ಟಿತ್ತು, ಆರು ದಿನ ಕಳೆಯುವುದರೊಳಗೆ ಆತನ ಬಂಧನವಾಯಿತು. 2021ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಮಹಿಳೆಯೊಬ್ಬರು ಕಾಣೆಯಾದ ಪ್ರಕರಣದಲ್ಲಿ, ಅಪಹರಿಸಿದವನು ಬಳಸಿದ ಕಾರಿನ ಸುಳಿವನ್ನು ಪೊಲೀಸರಿಗೆ ಕೊಟ್ಟದ್ದು ಹಾದುಹೋಗುತ್ತಿದ್ದ ಬಸ್ಸಿನ ಕ್ಯಾಮೆರಾ. ಗೋಡೆಗಳ ಮೇಲಿನದನ್ನಷ್ಟೇ ಲೆಕ್ಕ ಹಾಕಿದರೆ ಸಾಲದು. ಆ ಹೊತ್ತಿನಲ್ಲಿ ಆ ರಸ್ತೆಯಲ್ಲಿ ಓಡಿದ ಬಸ್ಸುಗಳು, ನಿಂತಿದ್ದ ಕಾರುಗಳ ಡ್ಯಾಶ್‌ಕ್ಯಾಮ್‌ಗಳು, ಮನೆ ಬಾಗಿಲಿನ ಕರೆಗಂಟೆಯೊಳಗಿನ ಕ್ಯಾಮೆರಾಗಳು ಕೂಡ ಪಟ್ಟಿಗೆ ಸೇರಬೇಕು.

ಅಂಗಡಿಯವರ ಮುಂದೆ ನಿಂತು ‘ವಿಡಿಯೊ ಕೊಡಿ’ ಎಂದರೆ ಅವರು ಹಿಂಜರಿಯುತ್ತಾರೆ, ಅದು ತಪ್ಪೂ ಅಲ್ಲ. ‘ಇಂಥ ದಿನ ಇಷ್ಟರಿಂದ ಇಷ್ಟು ಗಂಟೆಯದನ್ನು ಅಳಿಸಿಹೋಗದಂತೆ ಉಳಿಸಿಡಿ, ಪೊಲೀಸರು ಬಂದು ಪಡೆಯುತ್ತಾರೆ’ ಎಂದು ಕೇಳಿ, ದೂರಿನ ಸಂಖ್ಯೆ ಬರೆದ ಚೀಟಿ ಕೊಟ್ಟರೆ ಬಹುತೇಕರು ಒಪ್ಪುತ್ತಾರೆ. ಅವರು ತಾವಾಗಿ ತೋರಿಸಿದರೆ ಮೊದಲು ನೋಡಬೇಕಾದದ್ದು ಮುಖವನ್ನಲ್ಲ, ಪರದೆಯ ಮೂಲೆಯಲ್ಲಿರುವ ಗಡಿಯಾರವನ್ನು. ಒಮ್ಮೆ ಒಂದು ಅಂಗಡಿಯ ಪರದೆಯಲ್ಲಿ 9:52 ಎಂದಿದ್ದಾಗ ನನ್ನ ಫೋನಿನಲ್ಲಿ 9:35 ಆಗಿತ್ತು. ಹದಿನೇಳು ನಿಮಿಷ ಮುಂದೋಡುತ್ತಿದ್ದ ಆ ಗಡಿಯಾರವನ್ನು ನಂಬಿ ನಾವು ಒಂದು ಸಂಜೆಯಿಡೀ ತಪ್ಪು ಬಸ್ಸಿನ ಚಾಲಕರನ್ನು ಹುಡುಕಿ ಮಾತನಾಡಿಸಿದ್ದೆವು. ಅಂದಿನಿಂದ ಪುಸ್ತಕದಲ್ಲಿ ಪ್ರತಿ ಕ್ಯಾಮೆರಾಕ್ಕೂ ನಾಲ್ಕು ಅಂಕಣ ಹಾಕುತ್ತೇನೆ: ಎಲ್ಲಿದೆ, ಯಾವ ಕಡೆಗೆ ಮುಖ ಮಾಡಿದೆ, ಎಷ್ಟು ದಿನದ್ದು ಉಳಿದಿದೆ, ಗಡಿಯಾರ ಎಷ್ಟು ತಪ್ಪಿದೆ. ದೃಶ್ಯವನ್ನು ನಕಲು ಮಾಡಿಕೊಡಲು ಅವರಿಗೆ ಬಾರದಿದ್ದರೆ, ಅನುಮತಿ ಪಡೆದು ಪರದೆಯನ್ನೇ ಫೋನಿನಲ್ಲಿ ಚಿತ್ರೀಕರಿಸಿ, ಗಡಿಯಾರ ಚೌಕಟ್ಟಿನೊಳಗೇ ಇರಲಿ. ಅದನ್ನು ಪೊಲೀಸರಿಗೆ ಕೊಡಿ, ಗುಂಪಿಗೆ ಹಾಕಬೇಡಿ.

ಕ್ಯಾಮೆರಾ ಇಲ್ಲದ ಕಡೆ ಮನುಷ್ಯರ ಕಣ್ಣನ್ನೇ ನೆಚ್ಚಬೇಕು. ಮಹಾನಗರದಲ್ಲಿ ಯಾರೂ ಯಾರನ್ನೂ ಗಮನಿಸುವುದಿಲ್ಲ ಎನ್ನುತ್ತಾರೆ, ಆದರೆ ನಗರದ ಜನ ಗಡಿಯಾರದಂತೆ ಓಡಾಡುವವರು. ಆಕೆ ಮಂಗಳವಾರ ಬೆಳಗಿನ ಐದೂಮುಕ್ಕಾಲಿಗೆ ಕಾಣೆಯಾಗಿದ್ದರೆ, ಮುಂದಿನ ಮಂಗಳವಾರ ಐದೂವರೆಗೇ ಅಲ್ಲಿ ನಿಂತುಕೊಳ್ಳಿ: ಪತ್ರಿಕೆ ಹಂಚುವವರು, ರಸ್ತೆ ಗುಡಿಸುವವರು, ಪಾಳಿ ಮುಗಿಸಿ ಹೊರಡುವ ಕಾವಲುಗಾರ, ನಾಯಿಯೊಂದಿಗೆ ನಡೆಯುವವರು, ಮೊದಲ ಬಸ್ಸಿನ ಚಾಲಕ ಎಲ್ಲರೂ ಅದೇ ಹೊತ್ತಿಗೆ ಅಲ್ಲೇ ಸಿಗುತ್ತಾರೆ. ಅನುಭವಿ ತನಿಖಾಧಿಕಾರಿಗಳೂ ಇದನ್ನೇ ಮಾಡುತ್ತಾರೆ. ‘ಹಸಿರು ಬಟ್ಟೆಯ ಹೆಂಗಸನ್ನು ಕಂಡಿರಾ’ ಎಂದು ಉತ್ತರವನ್ನು ಬಾಯಿಗೆ ತುರುಕದೆ, ‘ಕಳೆದ ಮಂಗಳವಾರ ಇಲ್ಲಿ ಯಾರನ್ನು ಕಂಡಿರಿ’ ಎಂದು ಕೇಳಿ, ಅವರೇ ಬಣ್ಣ ಹೇಳುವವರೆಗೆ ಕಾಯಿರಿ. ಸಹಾಯ ಮಾಡುವ ಆಸೆಯಿಂದ ‘ಹೌದು’ ಎನ್ನುವವರೇ ಹೆಚ್ಚು.

ಆಸ್ಪತ್ರೆಗಳಲ್ಲಿ ಹೆಸರು ಹೇಳಿ ವಿಚಾರಿಸಿದರೆ ‘ಇಲ್ಲ’ ಎಂಬ ಉತ್ತರ ಬರುತ್ತದೆ, ಏಕೆಂದರೆ ಪ್ರಜ್ಞೆಯಿಲ್ಲದೆ ದಾಖಲಾದವರಿಗೆ ಅಲ್ಲಿ ಹೆಸರಿರುವುದಿಲ್ಲ. ಗುರುತು ಪತ್ತೆಯಾಗದ ಮಹಿಳಾ ರೋಗಿಗಳಿದ್ದಾರೆಯೇ ಎಂದು, ವಯಸ್ಸು ಮತ್ತು ಗುರುತು ಹೇಳಿ, ಪ್ರತಿ ಪಾಳಿ ಬದಲಾದಾಗಲೂ ಕೇಳಬೇಕು. ಶವಾಗಾರಕ್ಕೆ ಮನೆಯವರನ್ನು ಕಳುಹಿಸಬಾರದು. ಆಕೆಯನ್ನು ಬಲ್ಲ, ಗಟ್ಟಿ ಮನಸ್ಸಿನ ಒಬ್ಬರು ಆ ಕೆಲಸ ವಹಿಸಿಕೊಳ್ಳಲಿ.

ಪೋಸ್ಟರ್, ಜಾಲತಾಣ, ಕರೆಗಳು

‘ದುಂಡು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು’ ಎಂಬ ನಮ್ಮ ಪ್ರಕಟಣೆಗಳ ಸಿದ್ಧ ಸಾಲು ಒಂದು ಬಸ್ಸಿನಲ್ಲಿ ಕುಳಿತ ಹತ್ತು ಜನರಿಗೆ ಹೊಂದುತ್ತದೆ. ಅದರ ಬದಲು ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಾರೆ, ದಪ್ಪ ಕಪ್ಪು ಚೌಕಟ್ಟಿನ ಕನ್ನಡಕ, ಬಲ ಹುಬ್ಬಿನಲ್ಲಿ ಗಾಯದ ಗುರುತು ಎಂದು ಬರೆಯಿರಿ. ಸಮಾರಂಭದ ಅಲಂಕಾರದ ಫೋಟೊ ಬೇಡ, ಈಚೆಗೆ ಯಾವುದೋ ಸಾಧಾರಣ ದಿನ ತೆಗೆದದ್ದು ಸಾಕು. ಹೆಸರು, ವಯಸ್ಸು, ಕೊನೆಗೆ ಕಂಡ ಜಾಗ ಮತ್ತು ಹೊತ್ತು, ಠಾಣೆಯ ಸಂಖ್ಯೆ, ಈ ಕೆಲಸಕ್ಕೆಂದೇ ತೆಗೆದ ಹೊಸ ಮೊಬೈಲ್ ಸಂಖ್ಯೆ ಇಷ್ಟಿರಲಿ. ಮನೆಯ ವಿಳಾಸ, ಮಕ್ಕಳ ವಿವರ ಬೇಡ. ಪೋಸ್ಟರಿನ ಮೂಲೆಯಲ್ಲಿ ದಿನಾಂಕ ಹಾಕಿದರೆ ಯಾವುದು ಹಳೆಯದು ಎಂದು ತಿಳಿಯುತ್ತದೆ. ಒಂದು ಗುರುತನ್ನು ಬೇಕೆಂದೇ ಮುದ್ರಿಸದೆ ಉಳಿಸಿಕೊಳ್ಳಿ; ಕರೆ ಮಾಡಿದವರು ನಿಜವಾಗಿ ಕಂಡವರೇ ಎಂದು ಅಳೆಯಲು ಅದೊಂದೇ ಅಳತೆಗೋಲು.

ಬಹುಮಾನ ಘೋಷಿಸುವ ಮುನ್ನ ಪೊಲೀಸರೊಂದಿಗೆ ಮಾತನಾಡಿ. ಹಣದ ಮಾತು ಕೇಳಿದೊಡನೆ ಸುಳ್ಳು ಕರೆಗಳು ಬಂದೇ ಬರುತ್ತವೆ, ‘ಆಕೆ ನಮ್ಮ ಬಳಿ ಇದ್ದಾಳೆ, ಮೊದಲು ಹಣ ಕಳಿಸಿ’ ಎನ್ನುವವರೂ ಇರುತ್ತಾರೆ. ಆಕೆಗೂ ಮನೆಯವರಿಗೂ ಮಾತ್ರ ಉತ್ತರ ಗೊತ್ತಿರುವ ಒಂದು ಪ್ರಶ್ನೆ ಕೇಳಿ, ಸಂಖ್ಯೆ ಮತ್ತು ಹೊತ್ತನ್ನು ಬರೆದುಕೊಂಡು, ಆಡಿದ ಮಾತನ್ನು ಯಥಾವತ್ತಾಗಿ ಠಾಣೆಗೆ ಮುಟ್ಟಿಸಿ.

ಜಾಲತಾಣದಲ್ಲಿ ಮೂಲ ಪ್ರಕಟಣೆ ಒಂದೇ ಇರಲಿ, ಉಳಿದವರು ಅದನ್ನೇ ಹಂಚಲಿ. ಚಿತ್ರವನ್ನು ಇಳಿಸಿಕೊಂಡು ಬೇರೆಯಾಗಿ ಹಾಕಿದರೆ ಮುಂದೆ ತಿದ್ದುವುದೂ ಅಳಿಸುವುದೂ ಯಾರ ಕೈಯಲ್ಲೂ ಇರುವುದಿಲ್ಲ. ಯಾರ ಮೇಲೂ ಹೆಸರೆತ್ತಿ ಅನುಮಾನ ಬರೆಯಬಾರದು. ಲಾಸ್ ಏಂಜಲೀಸಿನ ಪ್ರಕರಣದಲ್ಲಿ, ವರ್ಷದ ಹಿಂದೆ ಆ ಹೋಟೆಲಿನಲ್ಲಿ ತಂಗಿದ್ದ ಸಂಗೀತಗಾರನೊಬ್ಬನನ್ನು ಅಂತರ್ಜಾಲದ ಪತ್ತೇದಾರರು ಕೊಲೆಗಾರನೆಂದು ಸಾರಿದರು. ಸಾವು ಆಕಸ್ಮಿಕವಾಗಿ ಮುಳುಗಿದ್ದರಿಂದ ಆದದ್ದೆಂದು ಅಧಿಕೃತವಾಗಿ ತೀರ್ಮಾನವಾಯಿತು. ಮೆಲ್ಬರ್ನ್‌ನಲ್ಲಿ ಆರೋಪಿ ಸಿಕ್ಕ ಮೇಲೆ ಹರಿದ ಆಕ್ರೋಶವನ್ನು ಕಂಡು, ನ್ಯಾಯಾಲಯದ ವಿಚಾರಣೆಗೆ ಅಡ್ಡಿಯಾಗುವ ಬರಹ ಬೇಡವೆಂದು ಆಕೆಯ ಪತಿಯೇ ಜನರನ್ನು ಬೇಡಿಕೊಳ್ಳಬೇಕಾಯಿತು.

ಮೂರನೆಯ ವಾರಕ್ಕೆ ಜನ ಕರಗುತ್ತಾರೆ. ಆಗ ದಿನವೂ ಓಡುವ ಬದಲು, ವಾರಕ್ಕೊಮ್ಮೆ ಇಬ್ಬರು ಪುಸ್ತಕವನ್ನು ಮೊದಲ ಪುಟದಿಂದ ಓದಿ, ತೆರೆಯದೆ ಬಿಟ್ಟ ಬಾಗಿಲುಗಳ ಪಟ್ಟಿಯನ್ನು ತನಿಖಾಧಿಕಾರಿಗೆ ಮತ್ತೆ ಕೊಡುತ್ತಿರುವುದು ಸಾಕು.

ಆಕೆ ಸಿಕ್ಕರೆ ಏನು ಮಾಡಬೇಕೆಂಬುದನ್ನು ಹುಡುಕಾಟ ಆರಂಭವಾದ ದಿನವೇ ಮಾತನಾಡಿಕೊಳ್ಳಿ. ವಯಸ್ಕ ಮಹಿಳೆ ತನ್ನಿಚ್ಛೆಯಿಂದ ಹೋಗಿದ್ದರೆ, ಹಲವು ದೇಶಗಳಲ್ಲಿ ಪೊಲೀಸರು ‘ಕ್ಷೇಮವಾಗಿದ್ದಾರೆ, ಎಲ್ಲಿದ್ದಾರೆಂದು ಹೇಳಲು ಒಪ್ಪಿಲ್ಲ’ ಎಂದಷ್ಟೇ ತಿಳಿಸಿ ಪ್ರಕರಣ ಮುಗಿಸುತ್ತಾರೆ. ಮಹಿಳೆಯರ ಆಶ್ರಯಧಾಮಗಳೂ ಯಾರಿದ್ದಾರೆಂದು ಹೇಳುವುದಿಲ್ಲ, ಬೇಕಾದರೆ ಸಂದೇಶವೊಂದನ್ನು ಬಿಟ್ಟುಬರಬಹುದು. ಇಷ್ಟು ಜನ ಇಷ್ಟು ದಿನ ಅಲೆದದ್ದಕ್ಕೆ ಕಾರಣ ತಿಳಿಯುವ ಹಕ್ಕು ತಮಗಿದೆ ಎಂದು ಗುಂಪಿನಲ್ಲಿ ಕೆಲವರಿಗೆ ಅನ್ನಿಸುವುದುಂಟು. ಇಲ್ಲ ಎಂದು ಅವರಿಗೆ ಹೇಳಬೇಕಾದವರು ನೀವೇ. ಮೂಲ ಪ್ರಕಟಣೆಯಲ್ಲಿ ‘ಸಿಕ್ಕಿದ್ದಾರೆ, ವಂದನೆಗಳು’ ಎಂದು ಬರೆದು, ಹಂಚಿದವರಿಗೆ ಅದು ತಲುಪಲು ಎರಡು ದಿನ ಬಿಟ್ಟು, ಹೆಸರು ಫೋಟೊಗಳ ಸಮೇತ ಅಳಿಸಿ. ಪೋಸ್ಟರ್ ಅಂಟಿಸಿದ ಜಾಗಗಳ ಪಟ್ಟಿ ಪುಸ್ತಕದಲ್ಲಿರುತ್ತದಲ್ಲ, ಅಂಟಿಸಿದ ಅದೇ ಜೋಡಿಗಳನ್ನು ಅದೇ ರಸ್ತೆಗಳಿಗೆ ಕಳುಹಿಸಿ, ಕಿತ್ತು ತಂದ ಪ್ರತಿ ಪೋಸ್ಟರಿಗೂ ಪಟ್ಟಿಯಲ್ಲಿ ಒಂದು ಗೆರೆ ಎಳೆಯಿರಿ.